ಎರಡನೆಯವಳಾಗು

ಕೂಸೇ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನಿನ ಆ ಪುಟ್ಟ ಅಕ್ಷರಗಳನ್ನು ಒತ್ತಿ ಒತ್ತಿ ಇಷ್ಟಕ್ಕೆಲ್ಲ ಉತ್ತರ ಬರೆಯುವ ತಾಳ್ಮೆ ನನಗಿಲ್ಲ. ಅದಕ್ಕೇ ಕಾಗದ. ನಿನ್ನ ಅಮ್ಮನಿಗೆ ಇದನ್ನು ತೋರಿಸುವುದಿಲ್ಲ, ಹೆದರಬೇಡ. ನನ್ನ ತಂಗಿಯೇ ಆದರೂ ಅವಳಿಗೆ ಎಲ್ಲವೂ ಗೊತ್ತಾಗಲೇಬೇಕು ಅಂತೇನಿಲ್ಲ.

ನೀನು ಬರೆದದ್ದರಲ್ಲಿ ಹಲವು ಸಂಕಟಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಅಮ್ಮನ ಹತ್ತಿರ ಫೋನಿನಲ್ಲಿ 'ನಾನು' ಅನ್ನದೆ ನಮ್ಮ ಮನೆಮಾತಿನ 'ಆನು' ಅಂದದ್ದು ಕೇಳಿ ರೂಮಿನವರು ನಕ್ಕರು; ಅಂದಿನಿಂದ ಮನೆಗೆ ಮಾತಾಡಬೇಕೆಂದರೆ ಹಾಸ್ಟೆಲಿನ ಟೆರೇಸಿಗೆ ಹೋಗುತ್ತೀಯ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಟ್ರಂಕಿನಲ್ಲಿ ಸ್ವೆಟರಿನ ಅಡಿ ಸೇರಿದೆ. ಕೇಳಿಯೇ ಇರದ ಹಾಡಿಗೆ ಗೊತ್ತಿದ್ದವಳ ಹಾಗೆ ತಲೆಯಾಡಿಸುತ್ತೀಯ. ದೀಪಾವಳಿಗೆ ಬಂದಾಗ ಅಜ್ಜಿ 'ಈ ಕೂಸು ಮೊದಲಿನಂಗಿಲ್ಲೆ' ಅಂದುಬಿಟ್ಟಳು. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಆಗಿ, 'ಮಾವ, ಇದರಲ್ಲಿ ನಿಜವಾದ ನಾನು ಯಾರು?' ಅಂತ ಕೇಳಿದ್ದೀಯ. ಅಷ್ಟು ದೊಡ್ಡ ಪ್ರಶ್ನೆಗೆ ನಾನು ಕೊನೆಯಲ್ಲಿ ಬರುತ್ತೇನೆ. ಮೊದಲು ಸಣ್ಣವು.

ನಾಲ್ಕು ಜನ ಉಡುವುದನ್ನು ಉಡುವುದು, ನಾಲ್ಕು ಜನ ಆಡುವ ಮಾತು ಆಡುವುದು ಇವೆಲ್ಲ ಅಪರಾಧವಲ್ಲ. ಹೊಸ ಊರಿಗೆ ಹೋದವರೆಲ್ಲ ಮಾಡುವುದೇ ಅದು. ಜೀನ್ಸು ಹಾಕಿಕೊಂಡರೆ ಮನೆತನ ಮುಳುಗುವುದಿಲ್ಲ; ಹಾಕಿಕೊಳ್ಳದಿದ್ದರೆ ಕ್ರಾಂತಿಯೂ ಆಗುವುದಿಲ್ಲ. ನಿಮ್ಮ ಕಾಲೇಜಿನ ಎಥ್ನಿಕ್ ಡೇ ಫೋಟೋ ಕಳಿಸಿದ್ದೆಯಲ್ಲ, ಹುಡುಗಿಯರೆಲ್ಲ ಒಂದೇ ನಮೂನೆಯ ಸೀರೆ, ಹುಡುಗರೆಲ್ಲ ಬಿಳಿ ಪಂಚೆ. ನಮ್ಮತನ ತೋರಿಸುವ ದಿನಕ್ಕೂ ಒಂದು ಯೂನಿಫಾರ್ಮು! ನಗು ಬಂತು, ಆದರೆ ಚೆನ್ನಾಗಿಯೂ ಕಂಡಿರಿ. ಇಂಥದ್ದರಲ್ಲಿ ಎಲ್ಲರ ಜೊತೆ ಹೋಗಿಬಿಡು. ಪ್ರತಿಯೊಂದಕ್ಕೂ 'ನಾನು ಬೇರೆ' ಅಂತ ಎದ್ದು ನಿಲ್ಲುವವರನ್ನು ಕಾಲೇಜಿನಲ್ಲಿ ಪಾಠ ಹೇಳುವಾಗ ಬೇಕಾದಷ್ಟು ನೋಡಿದ್ದೇನೆ. ಬೇರೆಯವರು ಏನು ಮಾಡುತ್ತಾರೆ ಅನ್ನುವುದರ ಮೇಲೇ ಅವರ ಕಣ್ಣೂ ಇರುತ್ತದೆ, ಅದಕ್ಕೆ ಉಲ್ಟಾ ಮಾಡಬೇಕಲ್ಲ.

ನಿನ್ನ ಮೆಸೇಜಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಒಂದು ಸಾಲು. ರಾಯಚೂರು ಕಡೆಯಿಂದ ಬಂದ ಹುಡುಗಿಯ ಮಾತಿನ ಧಾಟಿಯನ್ನು ಯಾರೋ ಅಣಕಿಸಿದಾಗ ಎಲ್ಲರೂ ನಕ್ಕರು, 'ನಾನೂ ನಕ್ಕೆ, ಯಾಕೆ ನಕ್ಕೆ ಗೊತ್ತಿಲ್ಲ' ಅಂತ ಬರೆದಿದ್ದೀಯ. ಬ್ರಾಕೆಟ್ಟಿನಲ್ಲಿ ಹಾಕಿದ್ದೆ, ಅದೇನೂ ದೊಡ್ಡದಲ್ಲ ಅನ್ನುವ ಹಾಗೆ. ನನಗೆ ಇಡೀ ಮೆಸೇಜಿನಲ್ಲಿ ಅದೇ ದೊಡ್ಡದು.

ಯಾಕೆ ನಕ್ಕೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ಸಾಲೊಮನ್ ಆಶ್ ಅಂತ ಒಬ್ಬ ಮನಃಶಾಸ್ತ್ರದ ಪ್ರೊಫೆಸರು, ಸ್ವಾರ್ತ್‌ಮೋರ್ ಕಾಲೇಜಿನಲ್ಲಿದ್ದವರು. 1950ರ ದಶಕದಲ್ಲಿ ನಿನ್ನ ವಯಸ್ಸಿನ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಎರಡು ರಟ್ಟು ತೋರಿಸಿದರು. ಒಂದರಲ್ಲಿ ಒಂದೇ ಗೆರೆ, ಹತ್ತು ಅಂಗುಲದ್ದು. ಇನ್ನೊಂದರಲ್ಲಿ ಮೂರು ಗೆರೆ: ಎಂಟೂ ಮುಕ್ಕಾಲು, ಹತ್ತು, ಎಂಟು. ಮೊದಲಿನದಕ್ಕೆ ಸಮನಾದದ್ದು ಯಾವುದು, ಒಬ್ಬೊಬ್ಬರಾಗಿ ಜೋರಾಗಿ ಹೇಳಬೇಕು. ಅಷ್ಟೇ ಪರೀಕ್ಷೆ. ಅಂಗನವಾಡಿ ಮಕ್ಕಳೂ ಪಾಸಾಗುತ್ತಾರೆ. ಮಸಲತ್ತು ಏನೆಂದರೆ, ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರೊಫೆಸರು ಮೊದಲೇ ಹೇಳಿಕೊಟ್ಟು ಕೂರಿಸಿದವರು. ಆ ಒಬ್ಬನ ಸರದಿ ಬರುವುದು ಹೆಚ್ಚುಕಡಿಮೆ ಕೊನೆಗೆ. ಮೊದಲ ಎರಡು ಸುತ್ತು ಎಲ್ಲರೂ ಸರಿ ಹೇಳಿದರು. ಮೂರನೆಯದಕ್ಕೆ ಎಲ್ಲರೂ ಒಂದೇ ದನಿಯಲ್ಲಿ ತಪ್ಪು ಗೆರೆಯನ್ನು ತೋರಿಸಿದರು. ಇವನು ರಟ್ಟು ನೋಡುತ್ತಾನೆ, ಅವರ ಮುಖ ನೋಡುತ್ತಾನೆ, ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾನೆ. ಹೀಗೆ ಹದಿನೆಂಟು ಸುತ್ತಿನಲ್ಲಿ ಹನ್ನೆರಡು ಸಲ ಇಡೀ ಗುಂಪು ತಪ್ಪು ಹೇಳುತ್ತದೆ.

ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ನೂರಕ್ಕೆ ಒಂದು ಉತ್ತರವೂ ತಪ್ಪಾಗುತ್ತಿರಲಿಲ್ಲ. ಗುಂಪಿನಲ್ಲಿ ಕೂತಾಗ 123 ವಿದ್ಯಾರ್ಥಿಗಳ ಉತ್ತರಗಳಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಗುಂಪಿನ ತಪ್ಪಿಗೇ ಹೊಂದಿಕೊಂಡವು. ಆಮೇಲೆ ಮಾತಾಡಿಸಿದಾಗ ಕೆಲವರು ನನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆ ಅಂದರು. ನಿಮ್ಮ ಪ್ರಯೋಗ ಕೆಡಿಸುವುದು ಬೇಡ ಅಂತ ಸುಮ್ಮನಾದೆ ಅಂದವರೂ ಇದ್ದರು, ಪಾಪ. ಎಲ್ಲರೂ ಕುರಿಗಳ ಹಾಗೆ ಮೊದಲನೆಯವನ ಹಿಂದೆ ಹೋಗುತ್ತಿದ್ದಾರೆ ಅಂತ ಸರಿಯಾಗಿಯೇ ಅನುಮಾನಪಟ್ಟವರು ಕೂಡ, ತಮ್ಮ ಸರದಿ ಬಂದಾಗ ಅದೇ ಹಿಂಡು ಸೇರಿದರು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, 'ನೋಡು, ಮನುಷ್ಯ ಎಂಥ ಪುಕ್ಕಲ' ಅಂತ ನಿಟ್ಟುಸಿರು ಬಿಡುತ್ತಾರೆ. ನಾನು ಹೇಳಬೇಕಾದದ್ದು ಇದರ ಮುಂದಿನ ಭಾಗ. ಆಶ್ ಒಂದು ಬದಲಾವಣೆ ಮಾಡಿದರು: ಗುಂಪಿನಲ್ಲಿ ಒಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳುವ ಹಾಗೆ ಮಾಡಿದರು. ಅಷ್ಟಕ್ಕೇ ತಪ್ಪು ಉತ್ತರಗಳು ಮೊದಲಿದ್ದದ್ದರ ಕಾಲುಭಾಗಕ್ಕೆ ಇಳಿದವು. ಇನ್ನೂ ಸ್ವಾರಸ್ಯ ಏನೆಂದರೆ, ಆ ಒಬ್ಬ ಸರಿಯಾಗಿಯೇ ಹೇಳಬೇಕು ಅಂತಲೂ ಇರಲಿಲ್ಲ. ಗುಂಪಿನದ್ದಲ್ಲದ ಬೇರೊಂದು ತಪ್ಪು ಹೇಳಿದರೂ ಇವನ ನಾಲಿಗೆ ಸಡಿಲವಾಗುತ್ತಿತ್ತು. ನಡುವೆ ಆ ಜೊತೆಗಾರ ಪಕ್ಷ ಬದಲಿಸಿ ಗುಂಪಿನ ಕಡೆ ಹೋದನೋ, ಇವನೂ ಕುಸಿಯುತ್ತಿದ್ದ. ಆದರೆ ಅವನು ಏನೋ ಕೆಲಸವಿದೆ ಅಂತ ಎದ್ದು ಹೋದರೆ ಅಷ್ಟು ಕುಸಿಯುತ್ತಿರಲಿಲ್ಲ. ಜೊತೆಗೆ ಇದ್ದು ಹೋದವನ ಬಲ ಸ್ವಲ್ಪ ಹೊತ್ತು ಉಳಿಯುತ್ತದೆ, ತಿರುಗಿಬಿದ್ದವನದು ಉಳಿಯುವುದಿಲ್ಲ.

ಅಂದಮೇಲೆ ನೀನು ನಕ್ಕದ್ದಕ್ಕೆ ಕಾರಣ ನಿನ್ನ ಕೆಟ್ಟತನವಲ್ಲ. ನಿನಗೆ ಆ ಹೊತ್ತಿಗೆ ಜೊತೆಗಾರರಿರಲಿಲ್ಲ. 'ಆನು' ಅಂದದ್ದಕ್ಕೆ ನಿನ್ನನ್ನೇ ನೋಡಿ ನಕ್ಕಿದ್ದರು. ಈಗ ನಗೆಯ ಮೊನೆ ಇನ್ನೊಬ್ಬಳ ಕಡೆ ತಿರುಗಿದೆ ಅಂತ ಒಳಗೊಳಗೇ ಹಗುರಾದೆ. ಇದನ್ನು ನೀನು ಬರೆದಿಲ್ಲ, ನಾನು ಊಹಿಸುತ್ತಿದ್ದೇನೆ. ಊಹೆ ತಪ್ಪಾದರೆ ಬೈಯಿ. ಆದರೆ ನಿನಗೆ ಜೊತೆಗಾರರಿರಲಿಲ್ಲ ಅನ್ನುವುದು ಎಷ್ಟು ನಿಜವೋ, ಆ ಹುಡುಗಿಗೂ ಇರಲಿಲ್ಲ ಅನ್ನುವುದು ಅಷ್ಟೇ ನಿಜ. ಹೊಂದಿಕೊಂಡು ಹೋಗುವುದರ ಬೆಲೆಯನ್ನು ನೀನೇ ಕೊಡುತ್ತಿದ್ದರೆ, ಅಂದರೆ ಟೆರೇಸಿಗೆ ಹೋಗಿ ಮಾತಾಡುವುದು, ಉಪ್ಪಿನಕಾಯಿ ಇಲ್ಲದೆ ಮೆಸ್ಸಿನ ಅನ್ನ ಉಣ್ಣುವುದು, ಇಂಥವಾದರೆ ನಾನು ಸುಮ್ಮನಿರುತ್ತಿದ್ದೆ. ಬೆಲೆ ಕೊಡುವವರು ಮೂರನೆಯವರಾದಾಗ ಸುಮ್ಮನಿರಲಾಗುವುದಿಲ್ಲ.

ಹಾಗಂತ ಎಲ್ಲರೆದುರು ಎದ್ದು ಭಾಷಣ ಮಾಡು ಅನ್ನುತ್ತಿಲ್ಲ. ಅದು ನಿನ್ನಿಂದ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮುಂದಿನ ಸಲ ಅಣಕ ಶುರುವಾದಾಗ ನಗಬೇಡ. ಅಷ್ಟೇ. ಐದು ಜನರಲ್ಲಿ ಒಬ್ಬಳು ನಗದಿದ್ದರೆ ಉಳಿದ ನಾಲ್ವರಿಗೆ ಅದು ಗೊತ್ತಾಗಿಯೇ ಆಗುತ್ತದೆ. ಆಮೇಲೆ ಮೆಸ್ಸಿನಲ್ಲಿ ತಟ್ಟೆ ಹಿಡಿದು ಆ ಹುಡುಗಿಯ ಎದುರು ಕೂತು ಊಟ ಮಾಡು. ಕ್ಷಮಾಪಣೆ ಗಿಮಾಪಣೆ ಅಂತ ಶುರು ಮಾಡಿ ಅವಳನ್ನು ಮುಜುಗರಪಡಿಸಬೇಡ, ಇಂಟರ್ನಲ್ಸ್ ವಿಷಯವನ್ನೋ ಮನೆಯಿಂದ ಅವಳು ತಂದ ಖಡಕ್ ರೊಟ್ಟಿಯ ವಿಷಯವನ್ನೋ ಮಾತಾಡು. ಮೊದಲನೆಯವಳಾಗಿ ನಿಲ್ಲುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ, ಎರಡನೆಯವಳಾಗುವುದು ಯಾರಿಗಾದರೂ ಸಾಧ್ಯ. ಆಶ್ ಲೆಕ್ಕದ ಪ್ರಕಾರ ನಿಜವಾದ ವ್ಯತ್ಯಾಸ ಆಗುವುದೂ ಅಲ್ಲೇ.

ನಮ್ಮಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಕುವೆಂಪು ಮೈಸೂರಿನಲ್ಲಿ ಓದುವ ಹುಡುಗನಾಗಿದ್ದಾಗ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅಂತ ಇಂಗ್ಲಿಷ್ ಕವನಗಳ ಪುಸ್ತಕವೇ ಬಂತು. ಆ ಕಾಲಕ್ಕೆ ಓದಿದ ಬುದ್ಧಿವಂತ ಹುಡುಗರು ಹೋಗುತ್ತಿದ್ದ ಹಾದಿ ಅದು, ಇವರೂ ಹೋದರು. ಆಮೇಲೆ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಪದ್ಯ ತೋರಿಸಿದರು. ಅವರು ನಿನ್ನ ಭಾಷೆಯಲ್ಲಿ ಬರಿ ಅಂದರು. ಹುಡುಗನ ಒಳಗೆ ಕನ್ನಡ ಇರಲೇ ಇಲ್ಲವೆ? ಮಲೆನಾಡಿನ ಕುಪ್ಪಳಿಯಿಂದ ಬಂದವರಲ್ಲಿ ಅದಲ್ಲದೆ ಇನ್ನೇನಿತ್ತು! ಹೊರಗಿನವರೊಬ್ಬರು ಇದೂ ಒಂದು ದಾರಿ ಅನ್ನಬೇಕಾಯಿತು. 'ಶ್ರೀ ರಾಮಾಯಣ ದರ್ಶನಂ' ಬರೆದವರಿಗೇ ಹಾಗೆ ಒಬ್ಬರು ಬೇಕಾದರು ಅಂದಮೇಲೆ, ಎಲ್ಲವನ್ನೂ ಒಬ್ಬಳೇ ಒಳಗಿನಿಂದ ಅಗೆದು ತೆಗೆಯಬೇಕು ಅಂತ ನೀನು ಯಾಕೆ ಹಟ ಹಿಡಿಯುತ್ತೀಯ?

ಅಜ್ಜಿಯ ಮಾತಿಗೆ ಹೆಚ್ಚು ಹೊತ್ತು ಬೇಡ. ನೀನು ಮೊದಲಿನ ಹಾಗಿಲ್ಲ, ನಿಜ. ಅಜ್ಜಿಯೂ ಇಲ್ಲ. ಘಟ್ಟದ ಕೆಳಗಿನ ತವರಿನಿಂದ ಮದುವೆಯಾಗಿ ಈ ಮನೆಗೆ ಬಂದಾಗ ಅಡುಗೆಯ ಹುಳಿ ಖಾರದಿಂದ ಹಿಡಿದು ಸೀರೆಯ ನೆರಿಗೆಯವರೆಗೆ ಎಲ್ಲವನ್ನೂ ಬದಲಿಸಿಕೊಂಡವಳು ಅವಳು. ಬದಲಾಗುವೆಯಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ಈಗ ಬೆಳಗಾದರೆ ಗುಡ್ ಮಾರ್ನಿಂಗ್ ಫೋಟೋ ಫಾರ್ವರ್ಡ್ ಮಾಡುವವಳೂ ಅವಳೇ. ರಜೆಗೆ ಬಂದಾಗ ಮದುವೆಯಾದ ಹೊಸತರ ಕಥೆ ಕೇಳು, ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅವಳು ಅಂದದ್ದರಲ್ಲಿ ದೂರಿಗಿಂತ ಹೆಚ್ಚಾಗಿ ನಿನ್ನ ಜೊತೆ ಮಾತಾಡಬೇಕು ಅನ್ನುವ ಆಸೆ ಇತ್ತು ಅಂತ ನನಗೆ ಕಂಡಿತು.

ಇನ್ನು 'ನಿಜವಾದ ನಾನು'. ಈ ಪ್ರಶ್ನೆಯನ್ನು ಕೂತು ಯೋಚಿಸಿ ಬಗೆಹರಿಸಿದವರನ್ನು ನಾನು ಕಂಡಿಲ್ಲ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. ಆಗ ಅವರಿಗಿದ್ದ ಕನಸು ಇಂಗ್ಲಿಷ್ ಕವಿಯಾಗುವುದು. ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಡುವ ತಯಾರಿಯಲ್ಲಿದ್ದಾಗ ಬರೆದದ್ದು ನಾಟಕ, ಅದೂ ಕನ್ನಡದಲ್ಲಿ, 'ಯಯಾತಿ'. 1961ರಲ್ಲಿ ಪ್ರಕಟವಾಯಿತು. ಕವಿತೆಯಲ್ಲ, ಇಂಗ್ಲಿಷೂ ಅಲ್ಲ. ತಾನು ಯಾರಾಗುತ್ತೇನೆ ಅಂದುಕೊಂಡಿದ್ದರೋ ಅದು ಒಂದು, ಕೈ ಬರೆದದ್ದು ಇನ್ನೊಂದು. ಕೈಯನ್ನು ನಂಬಿದರು. ನಿನಗೂ ನಾನು ಹೇಳುವುದು ಅಷ್ಟೇ. ನೀನು ಏನು ಅಂದುಕೊಳ್ಳುತ್ತೀಯ ಅನ್ನುವುದನ್ನು ಬಿಟ್ಟು ನಿನ್ನ ಕೈ ಕಾಲು ಎತ್ತ ಹೋಗುತ್ತಿವೆ ಅಂತ ನೋಡು.

ಎತ್ತ ಹೋಗುತ್ತಿವೆ ಅನ್ನುವುದೂ ನಿನ್ನ ಮೆಸೇಜಿನಲ್ಲೇ ಇದೆ, ನಿನಗೆ ಗೊತ್ತಿಲ್ಲದ ಹಾಗೆ. ಕ್ಲಾಸಿನಲ್ಲಿ ಎಲ್ಲರೂ ಕೋಡಿಂಗ್ ಕೋರ್ಸು ಸೇರಿದರು ಅಂತ ಸೇರಿದ್ದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಹಾಸ್ಟೆಲಿನ ಹಿಂದಿನ ಕೆರೆಯ ಪಕ್ಕ ಮಿಂಚುಳ್ಳಿ ವಿದ್ಯುತ್ ತಂತಿಯಿಂದ ನೇರ ನೀರಿಗೆ ಬಿದ್ದು ಮೀನು ತಂದು ತಂತಿಗೇ ಬಡಿದು ನುಂಗಿದ್ದನ್ನು ಒಂದು ಪುಟ ಬರೆದಿದ್ದೀಯ. 'ಇದೆಲ್ಲ ಟೈಮ್ ವೇಸ್ಟ್ ಅಂತಾರೆ ಫ್ರೆಂಡ್ಸು' ಅಂತ ಕೊನೆಗೆ ಸೇರಿಸಿದ್ದೀಯ. ಹಕ್ಕಿಗಳ ಹಿಂದೆ ಹೋಗುವುದು ಟೈಮ್ ವೇಸ್ಟಾದರೆ ಕುವೆಂಪು ಅವರ ಮಗನೇ ದೊಡ್ಡ ಅಪರಾಧಿ. ತೇಜಸ್ವಿ ಎಂ.ಎ. ಮಾಡಿಕೊಂಡು ಮೇಷ್ಟರಾಗದೆ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು, ಕ್ಯಾಮೆರಾ ಹಿಡಿದು ಹಕ್ಕಿ ಕಾಯ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಆಗ ಎಷ್ಟು ಜನ ಅಂದಿರಬೇಕೋ.

ಆದರೆ ಈಗಲೇ ಬಿ.ಇ. ಬಿಟ್ಟುಬಿಡುತ್ತೇನೆ ಅಂತ ಹಾರಬೇಡ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಸೆಯೊಂದು ನಿಜವೋ ಹುಚ್ಚೋ ಅನ್ನುವುದು ಒಂದು ಮಳೆಗಾಲ ಕಳೆದರೆ ತಿಳಿಯುತ್ತದೆ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹಕ್ಕಿ ನೋಡುವವರು ಸೇರುವ ರೂಢಿ ಬಹಳ ವರ್ಷಗಳಿಂದ ಇದೆ, ಹೋಗು. ಹಿಂದಿನ ರಾತ್ರಿ ಎಲ್ಲರೂ ಸಿನಿಮಾಕ್ಕೆ ಹೋಗಿ ತಡವಾಗಿ ಮಲಗಿದಾಗಲೂ ಅಲಾರಂ ಹೊಡೆಯುವ ಮೊದಲೇ ನಿನಗೆ ಎಚ್ಚರವಾಗುತ್ತದೆಯೇ ಅಂತ ನೋಡು. ಕಂಪ್ಯೂಟರನ್ನು ಶತ್ರು ಮಾಡಿಕೊಳ್ಳಬೇಡ. ಹಕ್ಕಿಯ ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಇದೆಯಲ್ಲ, ಅದನ್ನು ಮಾಡಿದ್ದು ಹಕ್ಕಿಯೂ ಗೊತ್ತಿದ್ದ, ಕೋಡಿಂಗೂ ಗೊತ್ತಿದ್ದ ಜನ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಸ್ಥೆಯಲ್ಲಿ ವನ್ಯಜೀವಿ ವಿಷಯದಲ್ಲೇ ಎಂ.ಎಸ್ಸಿ. ಕೋರ್ಸು ನಡೆಸುತ್ತಾ ಬಂದಿದ್ದಾರೆ. ಅದಕ್ಕೆ ಸೇರಲು ಏನು ಓದಿರಬೇಕು ಅಂತ ಈಗಲೇ ವಿಚಾರಿಸಿಟ್ಟುಕೊ.

ವಿಚಾರಿಸಿದ ಮೇಲೂ ಮನಸ್ಸು ಅಲ್ಲೇ ಇದ್ದರೆ ನಿನ್ನ ಅಪ್ಪನಿಗೆ ಹೇಳಬೇಕಾಗುತ್ತದೆ. ನಿನ್ನ ಪರವಾಗಿ ನಾನು ಮಾತು ತೆಗೆಯುವುದಿಲ್ಲ, ಶುರು ನೀನೇ ಮಾಡಬೇಕು. ಪಕ್ಕದಲ್ಲಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ನಾನು ಕೂತಿರುತ್ತೇನೆ, ಭಾವ ಗರಂ ಆದರೆ ಎರಡನೇ ಮಾತು ನನ್ನದು. ರಾತ್ರಿ ಊಟ ಆದಮೇಲೆ ಹೇಳು. ಅಡಿಕೆ ರೇಟು ಬಿದ್ದ ದಿನ ಮಾತ್ರ ಬೇಡ.

ನಿನ್ನ ಮಾವ