ದಿನವೂ ಹಾಲು ಕುಡಿದರೆ ಜೀನ್ ಕೆಲಸಕ್ಕೆ ಇಳಿಯುತ್ತದೆಯೇ?

ಪ್ರಶ್ನೆ: ಮಗಳ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕ ತಿರುವಿ ಹಾಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಾಲಿನ ಸಕ್ಕರೆ ಸಿಕ್ಕಿದ ಕೂಡಲೇ ಬ್ಯಾಕ್ಟೀರಿಯಾದಲ್ಲಿ ಅದನ್ನು ಜೀರ್ಣಿಸುವ ಜೀನ್‌ಗಳು ತಾವಾಗಿಯೇ ಕೆಲಸ ಶುರು ಮಾಡುತ್ತವಂತೆ. ನನಗೆ ನಲವತ್ತು ದಾಟಿದ ಮೇಲೆ ಹಾಲು ಒಗ್ಗುತ್ತಿಲ್ಲ, ಒಂದು ಲೋಟ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊಸರು ಮಾತ್ರ ಏನೂ ಮಾಡುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹಾಲು ಕುಡಿಯುತ್ತ ಬಂದರೆ ನನ್ನ ಜೀನ್ ಕೂಡ ಕೆಲಸಕ್ಕೆ ಇಳಿಯಬೇಕಲ್ಲವೇ? ಒಂದೇ ಕೋಶದ ಜೀವಿಗೆ ಆಗುವುದು ಮನುಷ್ಯನಿಗೆ ಯಾಕೆ ಆಗುವುದಿಲ್ಲ?
— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಇಲ್ಲ, ಎಷ್ಟು ಹಾಲು ಕುಡಿದರೂ ನಿಮ್ಮ ಆ ಜೀನ್ ಮತ್ತೆ ಕೆಲಸಕ್ಕೆ ಇಳಿಯುವುದಿಲ್ಲ. ಆದರೆ ದಿನವೂ ಸ್ವಲ್ಪ ಸ್ವಲ್ಪ ಕುಡಿಯುತ್ತ ಬಂದರೆ ಹೊಟ್ಟೆಯುಬ್ಬರ ಕಡಿಮೆಯಾಗುವುದುಂಟು. ಎರಡೂ ನಿಜ. ಹೇಗೆಂದು ತಿಳಿಯಬೇಕಾದರೆ ಬ್ಯಾಕ್ಟೀರಿಯಾ ತನ್ನ ಜೀನ್‌ಗಳನ್ನು ಯಾವ ಲೆಕ್ಕದಲ್ಲಿ ನಡೆಸುತ್ತದೆ, ನಮ್ಮ ಜೀವಕೋಶ ಯಾವ ಲೆಕ್ಕದಲ್ಲಿ ನಡೆಸುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಬೇಕು. ಪಠ್ಯಪುಸ್ತಕದ ಎರಡು ಪುಟವನ್ನು ನೀವು ನಿಮ್ಮ ಹೊಟ್ಟೆಗೇ ಹಚ್ಚಿ ನೋಡಿದ್ದೀರಿ. ಅದು ನನಗೆ ಬಹಳ ಹಿಡಿಸಿತು.

ಮಗಳ ಪುಸ್ತಕದಲ್ಲಿರುವುದು ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಕಥೆ. ನಮ್ಮ ಕರುಳಿನಲ್ಲೇ ಅದರ ವಾಸ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳು, 4,300ರಷ್ಟು ಜೀನ್‌ಗಳು. ಅದಕ್ಕೆ ಇಷ್ಟವಾದ ಆಹಾರ ಗ್ಲೂಕೋಸ್. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸಬೇಕಾದರೆ ಮೊದಲು ಅದನ್ನು ಎರಡಾಗಿ ಒಡೆಯುವ ಕಿಣ್ವ ಬೇಕು. ಹಾಲೇ ಇಲ್ಲದಿರುವಾಗ ಆ ಕಿಣ್ವವನ್ನು ತಯಾರಿಸುವುದು ದಂಡ. ಆದ್ದರಿಂದ ರೆಪ್ರೆಸರ್ ಎಂಬ ಪ್ರೋಟೀನ್ ಜೀನ್ ಶುರುವಾಗುವ ಜಾಗದ ಪಕ್ಕದಲ್ಲೇ ಡಿಎನ್‌ಎಯನ್ನು ಹಿಡಿದು ಕೂತಿರುತ್ತದೆ, ಜೀನನ್ನು ಓದಬೇಕಾದ ಕಿಣ್ವಕ್ಕೆ ದಾರಿ ಬಿಡುವುದಿಲ್ಲ. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಈ ರೆಪ್ರೆಸರನ್ನು ಬೇರ್ಪಡಿಸಿ ತೆಗೆದರು. ಒಂದು ಕೋಶದಲ್ಲಿ ಅದು ಇರುವುದು ಸುಮಾರು ಹತ್ತೇ ಹತ್ತು.

ಲ್ಯಾಕ್ಟೋಸ್ ಒಳಗೆ ಬಂದಾಗ ಅದರಲ್ಲಿ ಸ್ವಲ್ಪ ಭಾಗ ಅಲೊಲ್ಯಾಕ್ಟೋಸ್ ಆಗಿ ಬದಲಾಗುತ್ತದೆ. ಅದು ಬಂದು ಅಂಟಿಕೊಂಡರೆ ರೆಪ್ರೆಸರ್‌ನ ಆಕಾರ ಬದಲಾಗಿ ಹಿಡಿತ ಸಡಿಲುತ್ತದೆ. ಕೆಲವೇ ನಿಮಿಷಗಳಲ್ಲಿ ಕಿಣ್ವದ ಅಣುಗಳು ಬೆರಳೆಣಿಕೆಯಿಂದ ಸಾವಿರಾರಕ್ಕೆ ಏರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ, ಪಾಠದಲ್ಲಿ ಇದನ್ನು ಬೇಗ ದಾಟಿಬಿಡುತ್ತಾರೆ. ಲ್ಯಾಕ್ಟೋಸನ್ನು ಅಲೊಲ್ಯಾಕ್ಟೋಸ್ ಮಾಡುವುದೂ ಅದೇ ಕಿಣ್ವ. ಅಂದರೆ ಜೀನ್ ಸುಮ್ಮನಿರುವ ಹೊತ್ತಿನಲ್ಲೂ ಆ ಕಿಣ್ವದ ಒಂದೆರಡು ಅಣುಗಳು ಕೋಶದಲ್ಲಿ ಇರಲೇಬೇಕು. ತಡೆ ಪೂರ್ತಿ ಬಿಗಿಯಾಗಿದ್ದರೆ ಹಾಲು ಬಂದದ್ದು ಬ್ಯಾಕ್ಟೀರಿಯಾಕ್ಕೆ ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ರೆಪ್ರೆಸರ್ ಆಗೀಗ ಜಾರುತ್ತದೆ, ಆ ಜಾರುವಿಕೆಯಿಂದಲೇ ಇಡೀ ಏರ್ಪಾಡು ನಡೆಯುತ್ತದೆ. ಇನ್ನು ಹಾಲಿನ ಜೊತೆ ಗ್ಲೂಕೋಸೂ ಇದ್ದರೆ ಲ್ಯಾಕ್ಟೋಸ್ ಜೀನ್ ಚುರುಕಾಗುವುದಿಲ್ಲ. ಅದು ಚುರುಕಾಗಲು ಇನ್ನೊಂದು ಪ್ರೋಟೀನ್ ಪಕ್ಕದಲ್ಲಿ ಬಂದು ಕೂರಬೇಕು, ಆ ಪ್ರೋಟೀನ್ ಕೂರುವುದು ಗ್ಲೂಕೋಸ್ ಕಡಿಮೆಯಾದಾಗ ಮಾತ್ರ. ಫ್ರಾನ್ಸ್‌ವಾ ಜಾಕೊಬ್ ಮತ್ತು ಜಾಕ್ ಮೊನೊ ಪ್ಯಾರಿಸ್‌ನಲ್ಲಿ ಕೂತು 1961ರಲ್ಲಿ ಒಂದೇ ಹಿಡಿತದಲ್ಲಿ ಒಟ್ಟಿಗೆ ನಡೆಯುವ ಈ ಜೀನ್ ಗುಂಪಾದ ಲ್ಯಾಕ್ ಆಪೆರಾನ್‌ನ ತರ್ಕವನ್ನು ಬಿಡಿಸಿಟ್ಟರು. 1965ರಲ್ಲಿ ಆಂಡ್ರೆ ಲ್ವೋಫ್ ಜೊತೆಗೆ ಅವರಿಗೆ ನೊಬೆಲ್ ಬಂತು.

ಬ್ಯಾಕ್ಟೀರಿಯಾದ ಎಲ್ಲ ಜೀನ್‌ಗಳೂ ಹೀಗೆ ಕರೆದ ಕೂಡಲೇ ಓಗೊಡುತ್ತವೆ ಎಂದು ತಿಳಿಯಬೇಡಿ. ಅದಕ್ಕೆ ವಿರುದ್ಧವಾದ ಒಂದು ಕಥೆ ನಿಮ್ಮ ನೆರೆಯಲ್ಲೇ ಇದೆ. ಹಳೆಯ ಮಲ್ಲೇಶ್ವರದವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ಮಹಾದೇವನ್ ವರ್ಷಗಟ್ಟಲೆ ಕೆಲಸ ಮಾಡಿದ್ದು ಇ. ಕೊಲೈಯದ್ದೇ ಬಿಜಿಎಲ್ ಎಂಬ ಆಪೆರಾನ್ ಮೇಲೆ. ಗಿಡಗಳಲ್ಲಿರುವ ಸ್ಯಾಲಿಸಿನ್‌ನಂತಹ ಸಕ್ಕರೆ ಸಂಯುಕ್ತಗಳನ್ನು ಬಳಸಿಕೊಳ್ಳಲು ಬೇಕಾದ ಜೀನ್‌ಗಳು ಅದರಲ್ಲಿವೆ. ಆದರೆ ಸಾಮಾನ್ಯ ಇ. ಕೊಲೈಗೆ ಸ್ಯಾಲಿಸಿನ್ ಎಷ್ಟು ಕೊಟ್ಟರೂ ಅವು ಮಿಸುಕುವುದಿಲ್ಲ. ಎಚ್-ಎನ್‌ಎಸ್ ಎಂಬ ಪ್ರೋಟೀನ್ ಆ ಭಾಗದ ಡಿಎನ್‌ಎಯನ್ನು ಅಮುಕಿ ಹಿಡಿದಿರುತ್ತದೆ. ಅಪರೂಪಕ್ಕೆ ಯಾವುದೋ ಒಂದು ಕೋಶದಲ್ಲಿ ಡಿಎನ್‌ಎಯ ಅಲೆಮಾರಿ ತುಣುಕೊಂದು ಜಿಗಿದು ಬಂದು ಈ ಜೀನ್‌ಗಳ ಮುಂದುಗಡೆ ಸೇರಿಕೊಳ್ಳುತ್ತದೆ. ಆಗ ಎಚ್-ಎನ್‌ಎಸ್‌ನ ಹಿಡಿತ ತಪ್ಪುತ್ತದೆ, ಆ ಕೋಶಕ್ಕೂ ಅದರ ಸಂತಾನಕ್ಕೂ ಸ್ಯಾಲಿಸಿನ್ ಆಹಾರವಾಗುತ್ತದೆ.

ಹಿಡಿತ ತಪ್ಪಿದ ಮೇಲೂ ಇನ್ನೊಂದು ತಡೆ ಉಳಿದಿದೆ. ಓದುವ ಕಿಣ್ವ ಹೊರಡುತ್ತದೆ, ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಸಕ್ಕರೆ ಇದ್ದರೆ ಮಾತ್ರ ಒಂದು ಪ್ರೋಟೀನ್ ಅದನ್ನು ಮುಂದಕ್ಕೆ ದಾಟಿಸುತ್ತದೆ. ಇದನ್ನು ಮಹಾದೇವನ್ ಅವರು ಅಮೆರಿಕದಲ್ಲಿ ಆಂಡ್ರ್ಯೂ ರೈಟ್ ಜೊತೆಗೂಡಿ 1987ರಲ್ಲೇ ತೋರಿಸಿದ್ದರು. ಮುಂದೆ 2005ರಲ್ಲಿ ಅವರ ಬೆಂಗಳೂರಿನ ತಂಡದ ಇನ್ನೊಂದು ಫಲಿತಾಂಶ ಬಂತು: ಆಹಾರ ಮುಗಿದು ಬ್ಯಾಕ್ಟೀರಿಯಾ ಹಸಿದು ಕೂತಾಗ, ಈ ಆಪೆರಾನ್ ಎಚ್ಚೆತ್ತಿರುವ ತಳಿಗಳೇ ಉಳಿದವನ್ನು ಹಿಂದೆ ಹಾಕುತ್ತವೆ. ಉಪಯೋಗವಿಲ್ಲದಂತೆ ಕಾಣುವ ಜೀನನ್ನು ಬ್ಯಾಕ್ಟೀರಿಯಾ ಕೈಬಿಡದೆ ಹೊತ್ತು ತಿರುಗುವುದು ಯಾಕೆ ಎಂಬ ಪ್ರಶ್ನೆಗೆ ಇದರಲ್ಲಿ ಒಂದು ಸುಳಿವಿದೆ.

ನಿಮ್ಮ ಹೊಟ್ಟೆಯ ಸಂಗತಿಗೆ ಲ್ಯಾಕ್‌ಗಿಂತ ಈ ಬಿಜಿಎಲ್ ಕಥೆಯೇ ಹತ್ತಿರ. ಸಕ್ಕರೆ ಬಂದರೆ ಸಾಲದು, ಡಿಎನ್‌ಎಯಲ್ಲೇ ಬದಲಾವಣೆ ಆಗಿರಬೇಕು.

ನಮ್ಮಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವುದು ಲ್ಯಾಕ್ಟೇಸ್ ಎಂಬ ಕಿಣ್ವ. ಅದರ ಜೀನ್ ಇರುವುದು ಎರಡನೆಯ ಕ್ರೋಮೋಸೋಮ್‌ನಲ್ಲಿ. ಕಣ್ಣಿನ ಕೋಶದಲ್ಲೂ ಅದಿದೆ, ಚರ್ಮದ ಕೋಶದಲ್ಲೂ ಇದೆ, ಆದರೆ ಕೆಲಸ ಮಾಡುವುದು ಸಣ್ಣ ಕರುಳಿನ ಒಳಪದರದ ಕೋಶಗಳಲ್ಲಿ ಮಾತ್ರ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ರೀಲಿಗೆ ದಾರ ಸುತ್ತಿದ ಹಾಗೆ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿನ ಗಂಟಿಗೆ 147 ಅಕ್ಷರ. ಸುತ್ತು ಬಿಗಿಯಾಗಿದ್ದ ಕಡೆ ಓದುವ ಕಿಣ್ವ ತಲುಪಲಾರದು. ಹಿಸ್ಟೋನ್‌ಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿದರೆ ಸುತ್ತು ಸಡಿಲವಾಗುತ್ತದೆ, ಡಿಎನ್‌ಎಗೇ ಮಿಥೈಲ್ ಅಂಟಿದರೆ ಸಾಮಾನ್ಯವಾಗಿ ಆ ಜೀನ್ ಸುಮ್ಮನಾಗುತ್ತದೆ. ಬ್ಯಾಕ್ಟೀರಿಯಾದ ಬಹುಪಾಲು ಜೀನ್‌ಗಳು ಓದಿಸಿಕೊಳ್ಳಲು ಸಿದ್ಧವಾಗಿರುತ್ತವೆ, ಬೇಡವಾದದ್ದನ್ನು ತಡೆದರೆ ಸಾಕು. ನಮ್ಮ ಕೋಶದಲ್ಲಿ ಹೆಚ್ಚಿನವು ಮೊದಲಿಗೇ ಮುಚ್ಚಿರುತ್ತವೆ, ಬೇಕಾದದ್ದನ್ನು ಹುಡುಕಿ ಬಿಡಿಸಬೇಕು. ಯಾವ ಅಂಗದಲ್ಲಿ ಯಾವುದನ್ನು ಬಿಡಿಸಬೇಕೆಂಬುದು ಮಗು ಗರ್ಭದಲ್ಲಿ ಬೆಳೆಯುವಾಗಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಲ್ಯಾಕ್ಟೇಸ್ ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕು ಆ ಜೀನ್‌ನ ಪಕ್ಕದಲ್ಲೂ ಇಲ್ಲ. ಸುಮಾರು 14,000 ಅಕ್ಷರ ಹಿಂದೆ, ಇನ್ನೊಂದು ಜೀನ್‌ನ ಹೊಟ್ಟೆಯೊಳಗೆ ಕೂತಿದೆ. 2002ರಲ್ಲಿ ಫಿನ್ಲೆಂಡ್‌ನ ಕುಟುಂಬಗಳನ್ನು ಅಧ್ಯಯನ ಮಾಡಿದವರು ಅಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಕಂಡರು. ಜೀನ್‌ನಿಂದ 13,910 ಅಕ್ಷರ ಹಿಂದಿನ ಆ ಜಾಗದಲ್ಲಿ ಸಿ ಇದ್ದರೆ ಎದೆಹಾಲು ಬಿಟ್ಟ ಮೇಲೆ ಲ್ಯಾಕ್ಟೇಸ್ ಕ್ರಮೇಣ ಇಳಿಯುತ್ತದೆ, ಟಿ ಇದ್ದರೆ ಮುಪ್ಪಿನವರೆಗೂ ಇರುತ್ತದೆ. ಆಫ್ರಿಕಾದ ಪಶುಪಾಲಕರಲ್ಲಿ ಇದೇ ಪರಿಣಾಮದ ಬೇರೆ ಅಕ್ಷರ ಬದಲಾವಣೆಗಳಿವೆ. ಭಾರತದಲ್ಲಿರುವುದು ಯೂರೋಪಿನವರಲ್ಲಿರುವ ಟಿ ಬದಲಾವಣೆಯೇ ಎಂದು 2012ರ ದೊಡ್ಡ ಅಧ್ಯಯನವೊಂದು ತೋರಿಸಿತು. ವಾಯವ್ಯ ಭಾರತದಲ್ಲಿ ಅದು ಹೆಚ್ಚು, ದಕ್ಷಿಣದ ಕಡೆಗೆ ಬಂದಂತೆ ಕಡಿಮೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ನಿಮ್ಮಂತೆಯೇ. ಕರುವಿನಲ್ಲೂ ಬೆಕ್ಕಿನ ಮರಿಯಲ್ಲೂ ನಡೆಯುವುದು ಇದೇ. ಇದನ್ನು ರೋಗ ಎಂದು ಕರೆಯುವುದನ್ನು ನಾನಂತೂ ಒಪ್ಪಲಾರೆ.

ನಿಮ್ಮ ಕರುಳಿನ ಕೋಶ ಹಾಲು ಬಂದುದನ್ನು ಯಾಕೆ ಕೇಳಿಸಿಕೊಳ್ಳುವುದಿಲ್ಲ? ಕೇಳಿಸಿಕೊಳ್ಳುವ ಅಂಗವೇ ಅದಕ್ಕಿಲ್ಲ. ಲ್ಯಾಕ್ಟೋಸ್ ಅಂಟಿದರೆ ಸಡಿಲುವಂಥ ರೆಪ್ರೆಸರ್ ನಮ್ಮ ಲ್ಯಾಕ್ಟೇಸ್ ಜೀನ್‌ಗೆ ಇಲ್ಲ. ಆ ಕೋಶ ಬದುಕುವುದೂ ಮೂರರಿಂದ ಐದು ದಿನ. ಕೆಳಗಿನ ಕಾಂಡಕೋಶದಿಂದ ಹುಟ್ಟಿ, ಮೇಲೇರಿ, ಉದುರಿ ಹೋಗುತ್ತದೆ. ನಾನು ಯಾರು, ಕರುಳಿನ ಯಾವ ಭಾಗದವನು, ಈ ದೇಹದ ವಯಸ್ಸು ಎಷ್ಟು ಎಂಬುದನ್ನು ಅದು ಹುಟ್ಟುವಾಗಲೇ ತನ್ನ ತಾಯಿಕೋಶದಿಂದ ಪಡೆದುಕೊಂಡು ಬಂದಿರುತ್ತದೆ. ಬ್ಯಾಕ್ಟೀರಿಯಾಕ್ಕೆ ತಾನೊಬ್ಬನೇ, ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗಬೇಕು. ಹಾಗಾಗಿ ಸದ್ಯದ ಪರಿಸ್ಥಿತಿಯನ್ನು ನೋಡಿ ಅದು ನಡೆದುಕೊಳ್ಳುತ್ತದೆ. ನಮ್ಮ ಕೋಶ ಸುಮಾರು 30 ಲಕ್ಷ ಕೋಟಿ ಕೋಶಗಳ ಕೂಟದಲ್ಲಿ ಒಂದು. ಪ್ರತಿಯೊಂದೂ ಎದುರಿಗೆ ಬಂದ ಆಹಾರಕ್ಕೆ ತಕ್ಕಂತೆ ಜೀನ್ ಬದಲಿಸುತ್ತ ಹೋದರೆ ಯಕೃತ್ತು ಯಕೃತ್ತಾಗಿ, ಕರುಳು ಕರುಳಾಗಿ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಕೋಶಕ್ಕೆ ಹಳೆಯ ನೆನಪೇ ಮೊದಲು, ಈ ಹೊತ್ತಿನ ಸುದ್ದಿ ಆಮೇಲೆ.

ಆ ನೆನಪು ಎಷ್ಟು ಗಟ್ಟಿ ಎಂಬುದಕ್ಕೆ ನಿಮ್ಮ ಕಾಂಪೌಂಡಿನ ದಾಸವಾಳದ ಕೊಂಬೆಯನ್ನೇ ನೋಡಿ. ಬಿಳಿ ಹಿಟ್ಟು ಮೆತ್ತಿಕೊಂಡ ಹಿಟ್ಟು ತಿಗಣೆ ಅಲ್ಲಿ ಕೂತಿರಬಹುದು. ವಿಜ್ಞಾನ ಸಂಸ್ಥೆಯ ಪ್ರೊ. ಎಚ್. ಶರತ್ ಚಂದ್ರ ಈ ಹುಳವನ್ನು ಹಿಡಿದುಕೊಂಡು ತಳಿವಿಜ್ಞಾನದ ಒಂದು ದೊಡ್ಡ ಪ್ರಶ್ನೆಯನ್ನು ಬೆನ್ನಟ್ಟಿದರು. ಹಿಟ್ಟು ತಿಗಣೆಗೆ ಹತ್ತು ಕ್ರೋಮೋಸೋಮ್, ತಾಯಿಯಿಂದ ಐದು, ತಂದೆಯಿಂದ ಐದು. ಹೆಣ್ಣಿನಲ್ಲಿ ಹತ್ತೂ ಕೆಲಸ ಮಾಡುತ್ತವೆ. ಗಂಡಾಗುವ ಭ್ರೂಣದಲ್ಲಿ ಮಾತ್ರ ಆರಂಭದ ಹಂತದಲ್ಲೇ ತಂದೆಯಿಂದ ಬಂದ ಐದೂ ಒತ್ತಾಗಿ ಮುದುಡಿಕೊಂಡು ಸುಮ್ಮನಾಗುತ್ತವೆ. ಅಕ್ಷರಗಳ ಸಾಲು ಹಾಗೆಯೇ ಇದೆ, ಯಾರಿಂದ ಬಂತು ಎಂಬ ಗುರುತು ಮಾತ್ರ ಬೇರೆ. ಅಷ್ಟರಿಂದಲೇ ಅರ್ಧ ಜೀನ್ ಭಂಡಾರ ಮೌನ. ಸಸ್ತನಿಗಳ ಹೆಣ್ಣುಗಳಲ್ಲಿ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಸುಮ್ಮನಾಗುತ್ತದೆ ಎಂದು ಮೇರಿ ಲಿಯಾನ್ 1961ರಲ್ಲಿ ಹೇಳಿದ್ದರು. ಹಿಟ್ಟು ತಿಗಣೆಯಿಂದ ಕಲಿತ ಪಾಠವನ್ನು ಆ ಎಕ್ಸ್ ಕ್ರೋಮೋಸೋಮ್‌ಗೆ ಹಚ್ಚಿ ಶರತ್ ಚಂದ್ರ ಮತ್ತು ಸ್ಪೆನ್ಸರ್ ಬ್ರೌನ್ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕ್ರೋಮೋಸೋಮ್‌ಗಳಿಗೆ ತಂದೆತಾಯಿಯ ಮುದ್ರೆ ಬೀಳುತ್ತದೆ ಎಂಬ ಮಾತು ಇಂದು ವೈದ್ಯವಿದ್ಯಾರ್ಥಿಗಳ ಪಾಠದಲ್ಲೂ ಇದೆ. ಅದು ಇನ್ನೂ ಹೊಸತಾಗಿದ್ದ ಕಾಲದಲ್ಲಿ ನಮ್ಮ ಊರಿನವರೊಬ್ಬರು ಅದನ್ನು ಗಂಭೀರವಾಗಿ ಹಿಡಿದು ಬರೆದಿದ್ದರು ಎಂಬುದು ಬೆಂಗಳೂರಿನ ಮಕ್ಕಳಿಗೆ ತಿಳಿದಿರಬೇಕು.

ಹಾಗೆಂದು ನಮ್ಮ ಜೀನ್‌ಗಳು ಹೊರಗಿನದಕ್ಕೆ ಕಿವುಡೇ ಎಂದರೆ ಅದೂ ಅಲ್ಲ. ಯಕೃತ್ತನ್ನು ತೆಗೆದುಕೊಳ್ಳಿ. ಫೀನೋಬಾರ್ಬಿಟಾಲ್‌ನಂಥ ಔಷಧ ಒಳಗೆ ಬಂದರೆ ಅದನ್ನು ಮುರಿಯುವ ಸೈಟೋಕ್ರೋಮ್ ಪಿ-450 ಕಿಣ್ವಗಳ ಜೀನ್‌ಗಳು ಅಲ್ಲಿ ಚುರುಕಾಗುತ್ತವೆ. ಅದೇ ಸಂಸ್ಥೆಯ ಪ್ರೊ. ಜಿ. ಪದ್ಮನಾಭನ್ ಇಲಿಯ ಯಕೃತ್ತಿನಲ್ಲಿ ಇದನ್ನೇ ಬಿಡಿಸಿ ನೋಡಿದವರು. ಲ್ಯಾಕ್ ಆಪೆರಾನ್‌ಗೆ ನಮ್ಮ ದೇಹದಲ್ಲಿ ಹತ್ತಿರದ ಉದಾಹರಣೆ ಬೇಕೆಂದರೆ ಇದು. ಆದರೆ ಇಲ್ಲೂ ಕೋಶದ ಗುರುತೇ ಮೊದಲು: ಔಷಧ ರಕ್ತದಲ್ಲಿ ಎಲ್ಲ ಕಡೆ ಹರಿದರೂ ಈ ಉತ್ತರ ಮುಖ್ಯವಾಗಿ ಬರುವುದು ಯಕೃತ್ತಿನಿಂದ.

ಹಾಲಿನ ಮಾತು ಬಂದಾಗ ಅರಿಶಿನದ ಹಾಲಿನ ಮಾತೂ ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಎರಡು ಸಂಗತಿ ತೋರಿಸಿತು. ಅರಿಶಿನದ ಕರ್ಕ್ಯುಮಿನ್ ಮತ್ತು ಪುನರ್ಪುಳಿಯ ಗಾರ್ಸಿನಾಲ್, ಇವೆರಡೂ ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸುವ ಕಿಣ್ವವನ್ನು ತಡೆಯಬಲ್ಲವು. ಇದು ಪ್ರಯೋಗಶಾಲೆಯಲ್ಲಿ ಕಂಡ ಮಾತು, ಬೆಲೆಯುಳ್ಳ ಮಾತು. ಅರಿಶಿನ ತಿಂದರೆ ಜೀನ್ ರಿಪೇರಿಯಾಗುತ್ತದೆ ಎಂದು ಇದನ್ನು ಹಿಡಿದು ಮಾತ್ರೆ ಮಾರುವವರನ್ನು ನಂಬಬೇಡಿ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಈಗ ಉಬ್ಬರದ ವಿಷಯ. ಸಣ್ಣ ಕರುಳಿನಲ್ಲಿ ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಹೈಡ್ರೋಜನ್‌ನಂಥ ಅನಿಲ ಬಿಡುತ್ತವೆ, ಉಬ್ಬರ ಅದರಿಂದ. ದಿನವೂ ಸ್ವಲ್ಪ ಹಾಲು ಇಳಿಯುತ್ತ ಬಂದರೆ ಲ್ಯಾಕ್ಟೋಸನ್ನು ಹೆಚ್ಚು ಅನಿಲವಿಲ್ಲದೆ ಅರಗಿಸುವ ಬ್ಯಾಕ್ಟೀರಿಯಾಗಳ ಸಂಖ್ಯೆ ಅಲ್ಲಿ ಏರುತ್ತದೆ. ಕೆಲವರಿಗೆ ಎರಡು ವಾರದೊಳಗೇ ವ್ಯತ್ಯಾಸ ಗೊತ್ತಾಗುತ್ತದೆ. ಆಗ ಚುರುಕಾಗುವ ಜೀನ್‌ಗಳು ಆ ಬ್ಯಾಕ್ಟೀರಿಯಾಗಳವು, ನಿಮ್ಮವಲ್ಲ. ಮೊಸರು ಒಗ್ಗುವುದಕ್ಕೂ ಕಾರಣ ಬ್ಯಾಕ್ಟೀರಿಯಾವೇ. ಹೆಪ್ಪಿನಲ್ಲಿರುವವು ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ, ಜೊತೆಗೆ ತಮ್ಮದೇ ಕಿಣ್ವವನ್ನು ಹೊತ್ತುಕೊಂಡು ನಿಮ್ಮ ಕರುಳಿಗೆ ಬಂದು ಅಲ್ಲೂ ಒಡೆಯುತ್ತವೆ. ಮಜ್ಜಿಗೆಹುಳಿಗೆಂದು ಕುದಿಸಿದರೆ ಈ ಎರಡನೆಯ ಉಪಕಾರ ಇರುವುದಿಲ್ಲ.

ಒಂದು ಲೋಟ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇದೆ. ಊಟ ತಿಂಡಿಯ ಜೊತೆ ಅರ್ಧ ಲೋಟದಿಂದ ಶುರು ಮಾಡಿ ನೋಡಿ, ಖಾಲಿ ಹೊಟ್ಟೆಗೆ ಬೇಡ. ಕಾಫಿಗೆ ಬೀಳುವಷ್ಟು ಹಾಲು ಬಹುತೇಕ ಎಲ್ಲರಿಗೂ ಒಗ್ಗುತ್ತದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಹೊಟ್ಟೆನೋವು ಇದ್ದರೆ ಹಾಲಿನ ಮೇಲೆ ಹಾಕಿ ಸುಮ್ಮನಾಗದೆ ವೈದ್ಯರನ್ನು ಕಾಣಿ. ಮಗಳಿಗೆ ಈ ವಿಷಯದಲ್ಲಿ ಆಸಕ್ತಿ ಇದ್ದರೆ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ವಾರ್ಷಿಕ ಓಪನ್ ಡೇಗೆ ಕರೆದುಕೊಂಡು ಹೋಗಿ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೂ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಕಳಿಸಿಕೊಡಿ, ನೀವೂ ಜೊತೆಗೆ ಹೋಗಿ ಕೂತು ಇಂಥದ್ದೇ ಪ್ರಶ್ನೆ ಕೇಳಿ.