ಹೆಪ್ಪಿನ ಹಾಡು

ಮಗಳೇ, ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಿಂದ ನೀನು ಫೋನು ಮಾಡಿದಾಗ ಗಾಡಿ ಬರುವ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: "ದೊಡ್ಡಪ್ಪಾ, ಮೊದಲನೇ ಹಾಡಿಗೆ ಮಾಡಿದ್ದ ತಮಟೆ ಪ್ಯಾಟರ್ನು ಎರಡನೇ ಹಾಡಲ್ಲಿ ಇಲ್ವೇ ಇಲ್ಲ. ಡಿಲೀಟ್ ಆಗೋಯ್ತಾ?" ಡಿಲೀಟ್ ಆಗಿಲ್ಲ ಕಣಮ್ಮ, ಇದ್ದಲ್ಲೇ ಇದೆ. ಆದರೆ ನಿನಗೆ ಆ ಭಯ ಬಂದದ್ದು ಒಳ್ಳೆಯದಾಯಿತು. ನನಗೆ ಅದು ಬರಬೇಕಾದ ಹೊತ್ತಿಗೆ ಬರಲಿಲ್ಲ, ಒಂದು ವರಸೆಯನ್ನೇ ಕಳೆದುಕೊಂಡೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಕೂತು ಬರೆಯುತ್ತಿದ್ದೇನೆ. ಬೆಂಗಳೂರಿಗೆ ಹೋಗುವಾಗ ಗಾಡಿಯಲ್ಲಿ ಸೀಟು ಸಿಕ್ಕಿದರೆ ಓದಿಕೋ.

ಮೊದಲು ಯಂತ್ರದ ಒಳಗಿನ ಲೆಕ್ಕ ತಿಳಿದುಕೋ. ನಿನ್ನ ಹತ್ತಿರ ಇರುವಂಥ ಮಲ್ಟಿಟ್ರ್ಯಾಕ್ ರೆಕಾರ್ಡರುಗಳಲ್ಲಿ ಕಂಪನಿಯವರೇ ತುಂಬಿ ಕಳಿಸಿದ ಪ್ಯಾಟರ್ನುಗಳು ಯಾವ ಹಾಡು ತೆರೆದರೂ ಸಿಗುತ್ತವೆ. ನೀನು ಪ್ಯಾಡ್ ಬಡಿದು ಮಾಡಿದ್ದು ಸಾಮಾನ್ಯವಾಗಿ ಹಾಗಲ್ಲ. ಅದು ಆ ಒಂದು ಹಾಡಿನ ಆಸ್ತಿ. ಮೆಮೊರಿ ಕಾರ್ಡಿನಲ್ಲಿ ಆ ಹಾಡಿನದೇ ಫೋಲ್ಡರಿನೊಳಗೆ ಅದರ ಟ್ರ್ಯಾಕು, ಮಿಕ್ಸರು, ಟೆಂಪೋಗಳ ಜೊತೆಗೆ ಕೂತಿರುತ್ತದೆ. ಹೊಸ ಹಾಡು ಅಂದರೆ ಹೊಸ ಮನೆ. ಹಳೇ ಮನೆಯ ಪಾತ್ರೆ ಪಡಗ ತಾನಾಗಿ ನಡೆದು ಬರುವುದಿಲ್ಲ, ನೀನೇ ಹೊತ್ತು ತರಬೇಕು.

ಹೊತ್ತು ತರುವ ದಾರಿಗಳಲ್ಲಿ ನನಗೆ ಅತಿ ನಂಬಿಕೆಯದನ್ನು ಹೇಳುತ್ತೇನೆ. ನಾನು ಇದಕ್ಕೆ ಹೆಪ್ಪಿನ ಹಾಡು ಅನ್ನುತ್ತೇನೆ. ನಿಮ್ಮಜ್ಜಿ ರಾತ್ರಿ ಮಜ್ಜಿಗೆ ಕಡೆಯುವ ಮುಂಚೆ ಒಂದು ಚಮಚ ಮೊಸರು ತೆಗೆದಿಡುತ್ತಿದ್ದರಲ್ಲ, ಹಾಗೆ. ನಿನ್ನ ಒಳ್ಳೆಯ ಪ್ಯಾಟರ್ನುಗಳಿರುವ ಹಾಡನ್ನು ಇಡಿಯಾಗಿ ಕಾಪಿ ಮಾಡು. ಕಾಪಿ ತೆರೆದು, ಅದರಲ್ಲಿನ ಹಾಡಿದ ಟ್ರ್ಯಾಕು, ಗಿಟಾರು, ಕೀಬೋರ್ಡು ಎಲ್ಲಾ ಅಳಿಸು. ಪ್ಯಾಟರ್ನುಗಳೂ ಡ್ರಮ್ ಕಿಟ್ಟೂ ಮಾತ್ರ ಉಳಿಯಲಿ. ಅದಕ್ಕೆ 'ಹೆಪ್ಪು' ಅಂತಲೇ ಹೆಸರಿಟ್ಟು ಲಾಕ್ ಮಾಡಿಬಿಡು. ಇನ್ನು ಮೇಲೆ ಹೊಸ ಹಾಡು ಬೇಕಾದಾಗೆಲ್ಲ ಖಾಲಿ ಹಾಡು ತೆರೆಯಬೇಡ, ಹೆಪ್ಪನ್ನು ಕಾಪಿ ಮಾಡಿಕೊಂಡು ಅದರಲ್ಲಿ ಶುರು ಮಾಡು. ಹೊಸ ಹಾಡಿನಲ್ಲಿ ಒಂದು ಒಳ್ಳೆಯ ವರಸೆ ಹುಟ್ಟಿತೋ, ಅದನ್ನೂ ಸೇರಿಸಿ ಮುಂದಿನ ಹೆಪ್ಪು ಮಾಡು. ಹಳೇ ಹೆಪ್ಪನ್ನು ಮಾತ್ರ ಚೆಲ್ಲಬೇಡ.

ಕೆಲವು ಯಂತ್ರಗಳ ಮೆನುವಿನಲ್ಲಿ ಇನ್ನೊಂದು ಹಾಡಿನಿಂದ ಪ್ಯಾಟರ್ನು ಇಂಪೋರ್ಟ್ ಮಾಡುವ ಅವಕಾಶ ಇರುತ್ತದೆ. ಇದ್ದರೆ ಬಳಸು. ಆದರೆ ತಂದದ್ದನ್ನು ಯಾವ ನಂಬರಿನಲ್ಲಿ ಇಡಲಿ ಅಂತ ಅದು ಕೇಳುತ್ತದೆ. ಆಗ ಬೆರಳು ಅವಸರ ಮಾಡಬಾರದು. ಆ ನಂಬರಿನಲ್ಲಿ ಮೊದಲೇ ಏನಾದರೂ ಇದ್ದರೆ ಅದರ ಮೇಲೇ ಬರೆದುಬಿಡುತ್ತದೆ. ಹಾಡಿನ ಜೋಡಣೆಯಲ್ಲಿ ಪಲ್ಲವಿಗೆ 7ನೇದು, ಚರಣಕ್ಕೆ 8ನೇದು ಅಂತ ನಂಬರು ಮಾತ್ರ ಬರೆದಿರುತ್ತದೆ, ಪ್ಯಾಟರ್ನು ಅಲ್ಲ. 7ರಲ್ಲಿ ಬೇರೆಯವನನ್ನು ಕೂರಿಸಿದರೆ ಪಲ್ಲವಿಗೆ ಅವನೇ ಬಡಿಯುತ್ತಾನೆ.

ಇನ್ನೊಂದು ಮಾತು. ಪ್ಯಾಟರ್ನು ಅಂದರೆ ಸದ್ದಲ್ಲ. ಯಾವ ಪ್ಯಾಡಿಗೆ, ಯಾವ ಕ್ಷಣದಲ್ಲಿ, ಎಷ್ಟು ಜೋರಾಗಿ ಏಟು ಬಿತ್ತು ಅನ್ನುವ ಚೀಟಿ ಅಷ್ಟೆ. ಆ ಚೀಟಿ ಬರೆಯುವ ಮಿಡಿ ಪದ್ಧತಿ ಬಂದದ್ದು 1983ರಲ್ಲಿ. ಆಮೇಲೆ 1991ರಲ್ಲಿ ಯಾವ ನಂಬರಿಗೆ ಯಾವ ವಾದ್ಯ ಅಂತಲೂ ಒಪ್ಪಂದವಾಯಿತು: ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈಹ್ಯಾಟಿಗೆ 42. ಚಪ್ಪಾಳೆ 39. ನೀನು ತಮಟೆಯ ತೆಳುಕಡ್ಡಿ ಏಟನ್ನು ಚಪ್ಪಾಳೆ ಪ್ಯಾಡಿನಲ್ಲಿ ಕೂರಿಸಿದ್ದೀಯ ಅಂದುಕೋ. ಪ್ಯಾಟರ್ನನ್ನು ಮಾತ್ರ ಹೊಸ ಹಾಡಿಗೆ ತಂದು, ಕಿಟ್ಟನ್ನೂ ಸ್ಯಾಂಪಲ್ಲನ್ನೂ ಬಿಟ್ಟುಬಂದರೆ, ತಮಟೆ ಬಡಿಯಬೇಕಾದಲ್ಲಿ ಯಾರೋ ಕೈ ತಟ್ಟುತ್ತಿರುತ್ತಾರೆ. ಯಂತ್ರ ಕೆಟ್ಟಿತು ಅಂತ ಅದನ್ನು ರಿಪೇರಿಗೆ ಒಯ್ದವರನ್ನು ನಾನು ನೋಡಿದ್ದೇನೆ. ಚೀಟಿ ತಂದಿದ್ದರು, ವಾದ್ಯ ತಂದಿರಲಿಲ್ಲ.

ಹಾಗಾದರೆ ಸದ್ದನ್ನೇ ಒಂದು ಟ್ರ್ಯಾಕಿಗೆ ಇಳಿಸಿ ವೇವ್ ಫೈಲಾಗಿ ಒಯ್ದರೆ ಆಗದೇ ಅಂತ ಕೇಳುತ್ತೀಯ. ಆಗುತ್ತದೆ. ಆದರೆ ನಿನ್ನ ಮೊದಲ ಹಾಡು 120ರ ಟೆಂಪೋ, ಎರಡನೆಯದು 96. 120ರಲ್ಲಿ ಒಂದು ಬೀಟು ಅರ್ಧ ಸೆಕೆಂಡು, ನಾಲ್ಕು ಬಾರಿನ 16 ಬೀಟು 8 ಸೆಕೆಂಡಿಗೆ ಮುಗಿಯುತ್ತದೆ. 96ರಲ್ಲಿ ಅದೇ 16 ಬೀಟಿಗೆ 10 ಸೆಕೆಂಡು ಬೇಕು. ಕೊನೆಯ ಎರಡು ಸೆಕೆಂಡು ನೀನು ಏನು ಬಡಿಯುತ್ತೀ? ಎಳೆದು ಹಿಗ್ಗಿಸಿದರೆ ಚರ್ಮದ ಸದ್ದು ಚರ್ಮದ ಹಾಗೆ ಉಳಿಯುವುದಿಲ್ಲ. ಪ್ಯಾಟರ್ನಾದರೆ ಯಾವ ಟೆಂಪೋಗೂ ಹೊಂದಿಕೊಳ್ಳುತ್ತದೆ. ಹೊಂದಿಕೊಂಡ ಮೇಲೂ ಕಿವಿಗೊಟ್ಟು ಕೇಳು. 120ರಲ್ಲಿ ಬೆಂಕಿಯ ಹಾಗಿದ್ದ ವರಸೆ 96ಕ್ಕೆ ಇಳಿದಾಗ ಏಟು ಏಟಿನ ನಡುವೆ ತೂತು ಕಾಣುತ್ತದೆ. ಒಂದೆರಡು ಸಣ್ಣ ಏಟು ಸೇರಿಸಬೇಕಾಗುತ್ತದೆ, ಮೆತ್ತಗೆ.

ಈಗ ನಾನು ಕಳೆದುಕೊಂಡ ಆ ವರಸೆಯ ವಿಷಯ. 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು ಅನ್ನುವುದನ್ನು ನೀನು ಕೇಳಿ ಬೆಳೆದವಳು. ನಮ್ಮ ಆರ್ಕೆಸ್ಟ್ರಾಗಳಿಗೆ ಏನಾಯಿತು ಅನ್ನುವುದನ್ನು ಯಾರೂ ಹೇಳಿರಲಾರರು. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದೇ ರಾತ್ರಿ ತಮಿಳು, ತೆಲುಗು, ಕನ್ನಡ, ಹಿಂದಿ, ಅದರ ಮೇಲೆ ಇಂಗ್ಲಿಷು ಹಾಡು ನುಡಿಸುತ್ತಿದ್ದ ತಂಡಗಳು ನಮ್ಮವು. ನಾನು ಡ್ರಮ್‌ಸೆಟ್ಟು. ಗಣಿ ನಿಂತ ಮೇಲೆ ಒಬ್ಬೊಬ್ಬರೇ ಮಾರಿಕುಪ್ಪಂನಿಂದ ಬೆಳಗಿನ ಗಾಡಿ ಹತ್ತತೊಡಗಿದರು, ಬೆಂಗಳೂರಿನಲ್ಲಿ ಸಿಕ್ಕ ಕೆಲಸಕ್ಕೆ. ರಾತ್ರಿ ಹನ್ನೊಂದಕ್ಕೆ ಮನೆ ಸೇರುವವನು ರಿಹರ್ಸಲ್ಲಿಗೆ ಹೇಗೆ ಬರುತ್ತಾನೆ? ಕೆಲವರು ಅಲ್ಲೇ ಮನೆ ಮಾಡಿದರು. ಕೈಗಳು ಊರು ಬಿಟ್ಟ ಮೇಲೆ ನಾನು ಈ ಯಂತ್ರ ತಂದದ್ದು. ಅದಕ್ಕೇ ನನಗೆ ಪ್ಯಾಟರ್ನು ಅಂದರೆ ಒಂದು ಕೈ, ಒಬ್ಬ ಮನುಷ್ಯನ ಕೈ.

ನನ್ನ ಗೆಳೆಯನೊಬ್ಬ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದು ದುಡಿದವನು. ತಮಟೆ ಅವನ ವಂಶದ ವಾದ್ಯ. ವಾದ್ಯ ಅಂತ ಈಗ ಸಲೀಸಾಗಿ ಅನ್ನುತ್ತೇವೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸಾವಿಗೆ, ಸಾರುವುದಕ್ಕೆ, ಊರಹಬ್ಬಕ್ಕೆ ಬಡಿಯಲೇಬೇಕು ಅಂತ ದಲಿತ ಕೇರಿಯ ಮೇಲೆ ಹೊರಿಸಿದ್ದ ಬಿಟ್ಟಿ ಅದು. ಗಣಿಯಲ್ಲಿ ಕೆಲಸ ಸಿಕ್ಕ ದಿನ ಅವನ ಅಪ್ಪ ತಮಟೆಯನ್ನು ಅಟ್ಟಕ್ಕೆ ಎಸೆದರಂತೆ, ಇನ್ನು ಯಾರ ಹೆಣದ ಮುಂದೆಯೂ ಬಡಿಯುವುದಿಲ್ಲ ಅಂತ. ಮಗ ಅದನ್ನು ಕೆಳಗಿಳಿಸಿದ್ದು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ, ತನ್ನ ಇಷ್ಟದಿಂದ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಾಗ ಅವನು ಬೆಂಗಳೂರಿನಿಂದ ಫೋನು ಮಾಡಿ ಬಹಳ ಹೊತ್ತು ಮಾತಾಡಿದ್ದ.

ಹತ್ತಾರು ವರ್ಷದ ಹಿಂದೆ ಒಂದು ಭಾನುವಾರ ಅವನು ನನ್ನ ರೂಮಿಗೆ ಬಂದ. ಅಂಗಳದಲ್ಲಿ ಹಳೇ ಪೇಪರು ಸುಟ್ಟು ತಮಟೆ ಕಾಯಿಸಿದ. ಬೆರಳಿಂದ ಮೀಟಿ ಮೀಟಿ ನೋಡಿ, ಚರ್ಮ ಬಿಗಿದು 'ಟಣ್' ಅಂದ ಮೇಲೆ ಒಳಗೆ ತಂದ. ಕಾವು ಆರುವ ಮುಂಚೆ ಎರಡು ಏಟನ್ನು ಸ್ಯಾಂಪಲ್ ಮಾಡಿಕೊಂಡೆವು: ಬಲಗೈಯ ದಪ್ಪ ಕೋಲಿನದೊಂದು, ಎಡಗೈಯ ತೆಳು ಬಿದಿರುಕಡ್ಡಿಯದೊಂದು. ಅವನ್ನು ಪ್ಯಾಡಿಗೆ ಕೂರಿಸಿ, ಬಡಿ ಅಂದೆ. ಬೆರಳಿನಲ್ಲಿ ಬಡಿದ, ಮುಖ ಸಪ್ಪಗಾಯಿತು. "ಒಂದು ಪೆನ್ಸಿಲ್ ಕೊಡು" ಅಂದ. ಬಲಗೈ ಮುಷ್ಟಿಯ ಗೆಣ್ಣಿನಿಂದ ಒಂದು ಪ್ಯಾಡು, ಎಡಗೈಯಲ್ಲಿ ಪೆನ್ಸಿಲ್ಲನ್ನು ಅಡ್ಡಡ್ಡ ಹಿಡಿದು ಇನ್ನೊಂದು. ಆಗ ಬಂತು ನೋಡು. ತಿಶ್ರ ನಡೆಯ ಎರಡು ಬಾರು. ಎರಡನೇ ಬಾರಿನ ಕೊನೆಯಲ್ಲಿ ತೆಳುಕಡ್ಡಿಯ ಏಟೊಂದು ಬೀಳಬೇಕಾದ್ದಕ್ಕಿಂತ ಒಂದು ಕೂದಲೆಳೆ ತಡವಾಗಿ ಬೀಳುತ್ತಿತ್ತು. ಹೆಜ್ಜೆ ಎತ್ತಿದವನು ನೆಲಕ್ಕೆ ಇಡುವ ಮುಂಚೆ ಒಮ್ಮೆ ಮೇಲೆ ನಿಂತ ಹಾಗೆ. ಮೆರವಣಿಗೆಯಲ್ಲಿ ಜನ ಕುಣಿಯುತ್ತಿದ್ದದ್ದು ಆ ತಡಕ್ಕೇ.

ಇಲ್ಲಿ ಕ್ವಾಂಟೈಸ್ ವಿಷಯ ಹೇಳಲೇಬೇಕು. ಪ್ಯಾಟರ್ನು ರೆಕಾರ್ಡ್ ಮಾಡುವ ಮುಂಚೆ ಯಂತ್ರದಲ್ಲಿ ಅದು ಎಷ್ಟಕ್ಕಿದೆ ನೋಡು. ಹದಿನಾರನೇ ಭಾಗಕ್ಕೆ ಇದ್ದರೆ, ನೀನು ಬಡಿದ ಪ್ರತಿ ಏಟನ್ನೂ ಹತ್ತಿರದ ಗೆರೆಗೆ ಎಳೆದು ಕೂರಿಸುತ್ತದೆ. 96ರ ಟೆಂಪೋದಲ್ಲಿ ಗೆರೆಗೂ ಗೆರೆಗೂ ಸುಮಾರು 156 ಮಿಲಿಸೆಕೆಂಡು ಅಂತರ. ನನ್ನ ಗೆಳೆಯನ ಏಟಿನ ತಡ ಅದರ ಕಾಲುಭಾಗವೂ ಇರಲಿಲ್ಲ, ಒಂದೇ ಎಳೆತಕ್ಕೆ ನೆಟ್ಟಗಾಗಿಬಿಡುತ್ತದೆ. ತಿಶ್ರದ ಗತಿಯಂತೂ ಇನ್ನೂ ಕಷ್ಟ. ಬೀಟಿಗೆ ಮೂರು ಏಟು ಬೀಳಬೇಕಾದಲ್ಲಿ ಯಂತ್ರ ನಾಲ್ಕರ ಗೆರೆ ಹಾಕಿಕೊಂಡು ಕೂತಿರುತ್ತದೆ. ತಿಶ್ರದ ಗೆರೆ ಆರಿಸು, ಇಲ್ಲವೇ ಕ್ವಾಂಟೈಸನ್ನು ಪೂರ್ತಿ ತೆಗೆದುಬಿಡು. ಪ್ಯಾಟರ್ನು ಒಯ್ದ ಮೇಲೆ ಹೊಸ ಹಾಡಿನಲ್ಲಿ ಮತ್ತೆ ಕ್ವಾಂಟೈಸ್ ಒತ್ತಬೇಡ. ಏಟಿನ ಬಲವನ್ನೂ ಸಮ ಮಾಡಬೇಡ. ಮಿಡಿಯಲ್ಲಿ ಬಲಕ್ಕೆ 1ರಿಂದ 127ರವರೆಗೆ ಜಾಗವಿದೆ. ಎಲ್ಲವನ್ನೂ 100ಕ್ಕೆ ನಿಲ್ಲಿಸಿದರೆ ದಪ್ಪ ಕೋಲಿಗೂ ತೆಳುಕಡ್ಡಿಗೂ ಏನು ವ್ಯತ್ಯಾಸ ಉಳಿಯಿತು?

ಆ ವರಸೆಯನ್ನು 7ನೇ ನಂಬರಿನಲ್ಲಿ ಇಟ್ಟಿದ್ದೆ. ಒಂದು ಹಾಡು ಮಾಡಿದೆ, ಚೆನ್ನಾಗಿ ಬಂತು. ಕಾರ್ಡಿನಲ್ಲಿ ಜಾಗ ಕಡಿಮೆಯಾದಾಗ, ಹೇಗೂ ಕಾಪಿ ಇದೆಯಲ್ಲ ಅಂತ ಆ ಹಾಡಿನ ಮೂಲವನ್ನು ಅಳಿಸಿದೆ. ಮುಂದಿನ ವಾರ ಕಾಪಿಯೊಳಗೆ ಬೇರೊಂದು ಪ್ಯಾಟರ್ನು ಇಂಪೋರ್ಟ್ ಮಾಡುವಾಗ 17 ಅನ್ನುವ ಕಡೆ 7 ಒತ್ತಿದೆ. ಖಚಿತವೇ ಅಂತ ಯಂತ್ರ ಕೇಳಿತು. ಹೌದು ಅಂದೆ. ಎರಡು ತಪ್ಪೂ ನನ್ನವೇ. ಪ್ಲೇ ಒತ್ತಿದಾಗ ಪಲ್ಲವಿಗೆ ಒಂದು ಸಾದಾ ರಾಕ್ ಬೀಟು ಬಂತು. ಇವತ್ತಿಗೂ ಆ ಕ್ಷಣ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆವತ್ತಿಂದ ಎರಡು ಕಾರ್ಡು, ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಪ್ರತಿ. ಕಂಪ್ಯೂಟರಿಗೆ ಹಾಕುವಾಗ ಹಾಡಿನ ಫೋಲ್ಡರನ್ನು ಇಡಿಯಾಗಿ ಎತ್ತಿಡು. ಒಳಗಿನ ಫೈಲುಗಳ ಹೆಸರು ಬದಲಿಸಬೇಡ, ಯಂತ್ರ ತನ್ನ ಮಕ್ಕಳನ್ನೇ ಗುರುತು ಹಿಡಿಯದು. ಕರೆಂಟು ಹೋಗುವ ವಿಷಯ ನಿನಗೆ ಬೇರೆ ಹೇಳಬೇಕಿಲ್ಲ. 1902ರಲ್ಲೇ, ಬೆಂಗಳೂರಿಗಿಂತ ಮುಂಚೆ, ಶಿವನಸಮುದ್ರದಿಂದ ತಂತಿ ಎಳೆದು ಕರೆಂಟು ತಂದ ಊರು ನಮ್ಮದು. ಆದರೂ ಎರಡು ನಿಮಿಷಕ್ಕೊಮ್ಮೆ ಸೇವ್ ಒತ್ತು.

ಕಾರ್ಡಿಗಿಂತ ಹೆಚ್ಚಾಗಿ ನಾನು ನಂಬುವುದು ನೋಟ್‌ಪುಸ್ತಕವನ್ನು. 1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದಲ್ಲಿ ಮಿಡಿಯೂ ಇರಲಿಲ್ಲ, ಕಾರ್ಡೂ ಇರಲಿಲ್ಲ. ಸಾಲಾಗಿ 16 ಗುಂಡಿ, ಅಷ್ಟೆ. ಮುಂಬೈಯ ಸಿನಿಮಾ ಸಂಗೀತದಲ್ಲಿ ಗಿಟಾರು ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಅದೇ ಯಂತ್ರದ ಬಡಿತದ ಮೇಲೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ತಂದರು. ಅಂಥ ಯಂತ್ರದಿಂದ ಇನ್ನೊಂದಕ್ಕೆ ಬಡಿತ ಒಯ್ಯಬೇಕಾದರೆ ಕಾಗದದಲ್ಲಿ 16 ಚೌಕ ಬರೆದು ತುಂಬಿಕೊಳ್ಳಬೇಕು. ನೀನೂ ಹಾಗೇ ಮಾಡು, ತಿಶ್ರವಾದರೆ ಬಾರಿಗೆ 12 ಚೌಕ. ಮೇಲಿನ ಸಾಲು ದಪ್ಪ ಕೋಲು, ಕೆಳಗಿನ ಸಾಲು ತೆಳುಕಡ್ಡಿ. ಜೋರಿನ ಏಟಿಗೆ ದೊಡ್ಡ ಚುಕ್ಕೆ, ತಡವಾದದ್ದಕ್ಕೆ ಬಲಕ್ಕೊಂದು ಬಾಣ. ಪಕ್ಕದಲ್ಲಿ ಟೆಂಪೋ, ಕಿಟ್ಟು, ನಂಬರು, ಮತ್ತು ಬಡಿದವರ ಹೆಸರು. ಹೆಸರನ್ನು ಬಿಡಬೇಡ ಕಣಮ್ಮ. ಯಂತ್ರ ಬರೀ 'TAMATE1' ಅಂತ ತೋರಿಸುತ್ತದೆ. ಆ ಕೈ ಯಾರದು ಅಂತ ಮುಂದೆ ಹೇಳುವವರು ನೀನಲ್ಲದೆ ಯಾರಿದ್ದಾರೆ? ಹಾಡು ಹೊರಗೆ ಬಿಡುವಾಗ ಹಾಡಿದವರ ಹೆಸರಿನ ಜೊತೆಗೇ ಆ ಹೆಸರೂ ಬರಲಿ. ಮೂರು ಹಾಡಿಗೆ ಅದೇ ವರಸೆ ಬಳಸಿದರೆ ಮೂರರಲ್ಲೂ.

ಮತ್ತೆ, ಬರೆಯುವುದಕ್ಕೂ ಮುಂಚೆ ಬಾಯಲ್ಲಿ ಹೇಳು. ಬಾಯಿಗೆ ಬಾರದ ವರಸೆ ಪ್ಯಾಡಿಗೂ ಸರಿಯಾಗಿ ಬರುವುದಿಲ್ಲ. ಬಾಯಿಂದ ಬಾಯಿಗೆ ದಾಟಿಯೇ ತಮಟೆ ಇಲ್ಲಿಯವರೆಗೆ ಬಂದಿದೆ.

ಕಳೆದ ತಿಂಗಳು ಗೆಳೆಯನಿಗೆ ಫೋನು ಮಾಡಿ, ಆ ವರಸೆ ಇನ್ನೊಮ್ಮೆ ಹೇಳಪ್ಪ ಅಂದೆ. ಈಗ ಅವನಿಗೆ ಕೈ ನಡುಗುತ್ತದೆ, ಬಾಯಲ್ಲಿ ಹೇಳಿದ. ನಾನು ಕೇಳುತ್ತಾ ಪ್ಯಾಡಿಗೆ ಬಡಿದೆ, ಗೆಣ್ಣಿನಿಂದ ಮತ್ತು ಪೆನ್ಸಿಲ್ಲಿನಿಂದ. ಎಲ್ಲಾ ಸರಿ ಬಂತು, ಆ ಕೊನೆಯ ಏಟು ಮಾತ್ರ ಬೇರೆ ಕಡೆ ಬೀಳುತ್ತಿದೆ. ಮೊದಲು ಹೀಗೇ ಬಡಿಯುತ್ತಿದ್ದೆ ಅಂತ ಅವನು, ಇಲ್ಲ ಅಂತ ನಾನು. ಅಳಿಸಿ ಹೋದ ಹಾಡಿನ ಮಿಕ್ಸ್ ಒಂದು ನನ್ನ ಹಳೇ ಫೋನಿನಲ್ಲಿ ಉಳಿದಿದೆ. ಎರಡನೇ ಚರಣಕ್ಕೆ ಮುಂಚೆ ಎಲ್ಲಾ ವಾದ್ಯ ನಿಂತು ಎರಡು ಬಾರು ತಮಟೆಯೊಂದೇ ಬರುತ್ತದೆ. ನನ್ನ ಕಿವಿ ಈಗ ಮೇಲಿನ ಸದ್ದುಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಭಾನುವಾರ ಬರುವಾಗ ನಿನ್ನ ಒಳ್ಳೆಯ ಹೆಡ್‌ಫೋನ್ ತಾ. ಆ ತೆಳುಕಡ್ಡಿ ಎಲ್ಲಿ ಬೀಳುತ್ತದೆ ಅಂತ ನೀನು ಕೇಳಿ ಹೇಳು. 7ನೇ ನಂಬರು ಖಾಲಿ ಇಟ್ಟಿದ್ದೇನೆ.