ಸೊಟ್ಟಾದ ಬಿಲ್ಲು

78ನೆಯ ಕೀರ್ತನೆಯ 57ನೆಯ ವಚನದಲ್ಲಿಯೂ ಹೋಶೇಯನ 7ನೆಯ ಅಧ್ಯಾಯದ 16ನೆಯ ವಚನದಲ್ಲಿಯೂ ಇಸ್ರಾಯೇಲ್ಯರು ಮೋಸಮಾಡುವ ಬಿಲ್ಲಿಗೆ ಹೋಲಿಸಲ್ಪಟ್ಟಿದ್ದಾರೆ. ಹೆದೆ ಸಡಿಲಾದ ಬಿಲ್ಲೆಂದು ಇದಕ್ಕೆ ಅರ್ಥ ಹೇಳುವವರು ಕೆಲವರುಂಟು. ಬಾಣವನ್ನು ಗುರಿ ಬಿಟ್ಟು ಬೇರೆ ಕಡೆಗೆ ಒಯ್ಯುವ ಬಿಲ್ಲೆನ್ನುವವರು ಕೆಲವರುಂಟು. ಎರಡನೆಯ ಅರ್ಥವೇ ನಮಗೆ ಹೆಚ್ಚು ಸರಿಯಾಗಿ ತೋರುತ್ತದೆ. ಅಂಥ ಬಿಲ್ಲು ಹೇಗೆ ಹುಟ್ಟುತ್ತದೆಂಬದನ್ನು ತಿಳಿಯಬೇಕಾದರೆ ಬಿಲ್ಲು ಮಾಡುವವನ ಬಳಿಯಲ್ಲಿ ಕೂಡ್ರಬೇಕು. ಆದದರಿಂದ ಈ ಪಾಠದಲ್ಲಿ, ಮೊದಲನೆಯ ಸಾರಿ ಮರದ ಬಿಲ್ಲು ಮಾಡುವವನು ಸೊಟ್ಟಾದ ಕಟ್ಟಿಗೆಯನ್ನು ನೆಟ್ಟಗೆ ಮಾಡುವ ಬಗೆ ಯಾವದೆಂಬದನ್ನು ವಿವರಿಸುವೆವು.

ಬಿಲ್ಲು ನಮ್ಮ ಸೀಮೆಗೆ ಹೊಸದಲ್ಲ. ಬೆಟಗೇರಿಯು ವೀರಗಲ್ಲುಗಳಿಗೆ ಹೆಸರಾದ ಊರು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ಭಟರ ರೂಪಗಳನ್ನು ಅನೇಕರು ಕಂಡಿರಬಹುದು. ಈಗ ಅದು ಯುದ್ಧಕ್ಕೆ ಬೇಡ, ಬೇಟೆಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜೋಳದ ತೆನೆಗೆ ಬರುವ ಗಿಳಿಗೆ ಬಾಣವಿಡುವದು ಸಹ ಅಪರಾಧವೇ. ಆದರೆ ಗುರಿಹಲಗೆಗೆ ಬಾಣ ಬಿಡುವ ಆಟವು ಒಳ್ಳೇದು. ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗದವರು ಮರದ ಇಲ್ಲವೆ ಬಿದಿರಿನ ಬಿಲ್ಲನ್ನೇ ಹಿಡಿಯುತ್ತಾರೆ. ಹುಡುಗರು ಅದನ್ನು ತಮ್ಮ ಕೈಯಿಂದ ಮಾಡಿಕೊಂಡರೆ ಇನ್ನೂ ಒಳ್ಳೇದು.

ಮರಗಳಲ್ಲಿ ತಡಸಲು ಬಳುಕುವದಕ್ಕೂ ಮುರಿಯದೆ ಇರುವದಕ್ಕೂ ಪ್ರಸಿದ್ಧವಾದದ್ದು. ಅದು ಸಿಕ್ಕದಿದ್ದರೆ ಒಳಗೆ ಪೊಳ್ಳು ಕಡಿಮೆಯಿರುವ ಗಟ್ಟಿ ಬಿದಿರಿನ ದಬ್ಬೆಯೂ ಆದೀತು. ಇವುಗಳನ್ನು ಕಟ್ಟಿಗೆ ಅಡ್ಡೆಯಲ್ಲಿ ಕೊಂಡುಕೊಳ್ಳಿರಿ. ಮುಂಡರಗಿ, ಶಿರಹಟ್ಟಿಗಳವರಿಗೆ ಸಮೀಪವಾದ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. ಅಲ್ಲಿ ಕೊಡಲಿ ಇಡತಕ್ಕದ್ದಲ್ಲ. ಕಟ್ಟಿಗೆಯ ಉದ್ದವು ಬಿಲ್ಲು ಹಿಡಿಯುವವನ ಎತ್ತರದಷ್ಟಿರಲಿ.

ಕಟ್ಟಿಗೆ ಸೊಟ್ಟಾಗುವದು ಯಾಕೆ? ನಮ್ಮ ಎರೆಹೊಲವು ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುವದನ್ನು ಎಲ್ಲರೂ ಬಲ್ಲರು. ಮರವೂ ಒಣಗುವಾಗ ಕುಗ್ಗುತ್ತದೆ. ಆದರೆ ಎಲ್ಲಾ ಕಡೆಗೂ ಸಮವಾಗಿ ಅಲ್ಲ: ಉದ್ದಕ್ಕೆ ಕುಗ್ಗುವದು ಅತ್ಯಲ್ಪ, ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುವದೋ, ಬಳೆಯಂತಿರುವ ಸುತ್ತುಗಳ ಜಾಡಿನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹೀಗಿರಲಾಗಿ ಒಂದು ಮಗ್ಗುಲು ಬಿಸಿಲಿಗೂ ಇನ್ನೊಂದು ನೆರಳಿಗೂ ಇದ್ದರೆ ಕಟ್ಟಿಗೆ ತಿರುಚದೆ ಬಿಡುವದಿಲ್ಲ. ನಮ್ಮ ಕಡೆಯ ಮಾರ್ಚ್, ಏಪ್ರಿಲ್ ತಿಂಗಳುಗಳ ಒಣಗಾಳಿಯು ಇದಕ್ಕೆ ದೊಡ್ಡ ವೈರಿ. ತುದಿಗಳಿಗೆ ಮೇಣವನ್ನಾಗಲಿ ಬಣ್ಣವನ್ನಾಗಲಿ ಬಳಿದು, ನೆರಳಿನಲ್ಲಿ ಮೆಲ್ಲಗೆ ಒಣಗಿಸಬೇಕು.

ಎಲ್ಲಾ ಸೊಟ್ಟೂ ಕೇಡಿನದಲ್ಲವೆಂಬದನ್ನು ಮೊದಲು ತಿಳಿಯತಕ್ಕದ್ದು. ಬಿಲ್ಲು ಹಿಡಿದವನ ಕಡೆಗಾಗಲಿ ಗುರಿಯ ಕಡೆಗಾಗಲಿ ತುಸು ಬಾಗಿದ್ದರೆ ಚಿಂತೆಯಿಲ್ಲ. ಎಡಕ್ಕೆ ಇಲ್ಲವೆ ಬಲಕ್ಕೆ ವಾಲಿದ್ದೂ ಹಗ್ಗದಂತೆ ತಿರುಚಿದ್ದೂ ಕೇಡು. ಇದನ್ನು ಪರೀಕ್ಷಿಸುವದು ಸುಲಭ. ಒಂದು ತುದಿಯ ನಡುವಿನಿಂದ ಇನ್ನೊಂದು ತುದಿಯ ನಡುವಿಗೆ ನೂಲನ್ನು ಬಿಗಿದು ಹಿಡಿಯಿರಿ. ಅದು ಹಿಡಿಯ ನಡುವೆ ಹಾಯ್ದರೆ ಸರಿ; ಹಿಡಿಯ ಅಗಲದೊಳಗೆ ಒಂದು ಬದಿಗೆ ಸ್ವಲ್ಪ ಸರಿದಿದ್ದರೂ ಸಾಗೀತು; ಹಿಡಿಯ ಹೊರಗೆ ಬಿದ್ದರೆ ಆ ಬಿಲ್ಲಿಗೆ ಹೆದೆ ಕಟ್ಟಕೂಡದು. ಕಟ್ಟಿ ಎಳೆದರೆ ತೋಳು ಮಗುಚಿಕೊಂಡು ಹೆದೆ ಜಾರುವದು, ಎಳೆದವನ ಮುಖಕ್ಕೂ ಕಣ್ಣಿಗೂ ಪೆಟ್ಟು ತಗಲುವದು.

ಹೊಸಬನ ಕೈ ಇಲ್ಲಿ ಕೂಡಲೆ ಬಾಚಿಗೆ ಹೋಗುತ್ತದೆ. ಉಬ್ಬಿದ ಕಡೆಯನ್ನು ಕೆತ್ತಿಹಾಕಿದರೆ ಕಣ್ಣಿಗೆ ನೆಟ್ಟಗೆ ಕಾಣುವದು, ಅರ್ಧ ತಾಸಿನಲ್ಲಿ ಕೆಲಸವೂ ಮುಗಿಯುವದು. ಆದರೆ ಮರದ ಬಲವು ಅದರ ಉದ್ದವಾದ ಎಳೆಗಳಲ್ಲಿ ಇದೆ. ಎಳೆ ಸೊಟ್ಟಾಗಿ ಓಡುತ್ತಿರುವಾಗ ಬಾಚಿಯು ನೆಟ್ಟಗೆ ಓಡಿದರೆ ಎಳೆಗಳು ನಡುವೆ ಕಡಿಯಲ್ಪಡುವವು. ಮುಂದೆ ಬಿಲ್ಲನ್ನು ಪೂರಾ ಎಳೆದ ದಿನ ಅಲ್ಲಿಯೇ ಸಿಬಿರೆದ್ದು ಮುರಿಯುವದು. ಹೊರಗೆ ನೆಟ್ಟಗೆ ಕಂಡು ಒಳಗೆ ಕಡಿದುಹೋದ ಈ ಬಿಲ್ಲು ಸೊಟ್ಟಾದ ಬಿಲ್ಲಿಗಿಂತ ಹೆಚ್ಚು ಮೋಸದ್ದು. ಪ್ರವಾದಿಯ ಮಾತನ್ನು ಓದುವಾಗ ನಮಗೆ ಇದೇ ನೆನಪಿಗೆ ಬರುತ್ತದೆ. ಆ ಜನರು ಬಲಿಗಳನ್ನು ಬಿಟ್ಟಿರಲಿಲ್ಲ, ಹಬ್ಬಗಳನ್ನು ಬಿಟ್ಟಿರಲಿಲ್ಲ. ಹೊರಗಣ ಉಬ್ಬುಗಳೆಲ್ಲಾ ಕೆತ್ತಲ್ಪಟ್ಟಿದ್ದವು, ಎಳೆ ಮಾತ್ರ ತಿರುಗಿರಲಿಲ್ಲ. ಹೊಸದಾಗಿ ಸಭೆಗೆ ಸೇರಿದ ಒಬ್ಬ ಹುಡುಗನ ಹಳೇ ಅಭ್ಯಾಸವನ್ನು ಕಂಡು ಒಂದೇ ಭಾನುವಾರದಲ್ಲಿ ಕೆತ್ತಿಹಾಕಲು ಅವಸರಪಡುವ ಹಿರಿಯರು ಇದನ್ನು ಸ್ವಲ್ಪ ಯೋಚಿಸಲಿ.

ಹಾಗಾದರೆ ಮಾಡಬೇಕಾದದ್ದೇನಂದರೆ, ಎಳೆಯನ್ನು ಕಡಿಯದೆ ಎಳೆಯನ್ನೇ ತಿರುಗಿಸಬೇಕು. ಮರದ ಎಳೆಗಳನ್ನು ಒಂದಕ್ಕೊಂದು ಅಂಟಿಸುವ ಲಿಗ್ನಿನ್ ಎಂಬ ಪದಾರ್ಥವುಂಟು. ನೀರು ಕುದಿಯುವಷ್ಟು ಬಿಸಿಯೂ ತುಸು ತೇವವೂ ಕೂಡಿದರೆ ಅದು ಮೆತ್ತಗಾಗುವದು, ಆರಿದ ಮೇಲೆ ತಿರಿಗಿ ಗಟ್ಟಿಯಾಗುವದು. ಇದ್ದಲಿನ ಕೆಂಡವನ್ನು ಮಾಡಿಕೊಳ್ಳಿರಿ, ಉರಿ ಬೇಡ. ಸೊಟ್ಟಾದ ಜಾಗಕ್ಕೆ ಕುಸುಬಿ ಎಣ್ಣೆಯನ್ನು ಸವರಿ, ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು ಆಗಾಗ ತಿರುವುತ್ತಾ 20ರಿಂದ 30 ನಿಮಿಷ ಕಾಯಿಸಿರಿ. ಕಂದು ಬಣ್ಣ ಬಂದರೆ ಬರಲಿ. ಕಪ್ಪಾದರೆ ಮರ ಸುಟ್ಟಿತೆಂದು ತಿಳಿಯಿರಿ. ಆ ಮೇಲೆ ದಪ್ಪ ಬಟ್ಟೆಯಿಂದ ಹಿಡಿದು, ನೆಟ್ಟಗಿರುವ ತೊಲೆಯ ಮೇಲಿಟ್ಟು, ಮೆಲ್ಲಗೆ ಒತ್ತಿ ಹಗ್ಗದಿಂದ ಬಿಗಿಯಬೇಕು. ಬಿಟ್ಟ ಮೇಲೆ ಸ್ವಲ್ಪ ಹಿಂದಕ್ಕೆ ಬರುವ ಕಾರಣ ನೆಟ್ಟಗಾಗುವದಕ್ಕಿಂತ ತುಸು ಆಚೆಗೇ ಒತ್ತಿರಿ. ರಾತ್ರಿಯೆಲ್ಲಾ ಹಾಗೆಯೇ ಇರಲಿ. ಬೆಚ್ಚಗಿರುವಾಗಲೇ ಬಿಚ್ಚಿದರೆ ಪಟ್ಟ ಶ್ರಮವೆಲ್ಲಾ ವ್ಯರ್ಥ.

ಕೆಂಡಕ್ಕೆ ಬದಲಾಗಿ ಹಬೆಯನ್ನೂ ಉಪಯೋಗಿಸಬಹುದು. ಅದಕ್ಕೆ ಒಂದು ಅಂಗುಲ ದಪ್ಪಕ್ಕೆ ಒಂದು ತಾಸಿನ ಲೆಕ್ಕ. ಪೂರಾ ಹಸಿ ಕಟ್ಟಿಗೆಯನ್ನು ಕೆಂಡಕ್ಕೆ ಹಿಡಿಯಬಾರದು, ಸೀಳು ಬಿಡುವದು. ಗಂಟು ಇರುವ ಜಾಗದಲ್ಲಿ ಬಗ್ಗಿಸಲೇಬೇಡಿರಿ. ತಿರುಚಿದ್ದಾದರೆ ಒಂದು ಕಡೆಯನ್ನು ಬಲವಾಗಿ ಕಟ್ಟಿ, ಇನ್ನೊಂದು ಕಡೆಗೆ ಉದ್ದವಾದ ಕೋಲನ್ನು ಅಡ್ಡ ಬಿಗಿದು, ಆ ಕೋಲಿನಿಂದ ಹಿಮ್ಮುಖವಾಗಿ ತಿರುವಬೇಕು. ಒಂದು ಸಾರಿಗೆ ಒಂದೇ ಜಾಗ. ಮೂರು ಸಾರಿ ಮಾಡಿದರೂ ಬಾರದ ಕಟ್ಟಿಗೆಯು ಹುಟ್ಟಿನಿಂದಲೇ ಎಳೆ ಸುತ್ತಿಕೊಂಡದ್ದಾಗಿರುವದುಂಟು. ಅದು ಗುದ್ದಲಿಯ ಕಾವಿಗೆ ಆದೀತು.

ನೆಟ್ಟಗಾದ ಕೂಡಲೆ ಹೆದೆ ಏರಿಸುವ ಆತುರ ಬೇಡ. ಕೆಂಡವು ಮರದ ತೇವವನ್ನು ಹೀರಿರುವದರಿಂದ ಅದು ಕೆಲವು ದಿನ ಪೆಡಸಾಗಿರುವದು. ನಾಲ್ಕೈದು ದಿನ ನೆರಳಿನಲ್ಲಿಟ್ಟರೆ ಗಾಳಿಯಿಂದ ತೇವವನ್ನು ತಿರಿಗಿ ಪಡೆಯುವದು. ಹಬೆ ತಾಗಿದ್ದಾದರೆ ಹೆಚ್ಚಾದ ತೇವವು ಹೋಗುವ ತನಕ ಎರಡು ವಾರವಾದರೂ ಕಾಯಬೇಕು. ಆಮೇಲೆ ನೂಲನ್ನು ಮತ್ತೊಮ್ಮೆ ಹಿಡಿದು ನೋಡಿ, ತೋಳುಗಳೆರಡನ್ನೂ ಸಮವಾಗಿ ಬಳುಕುವ ಹಾಗೆ ಕೀಸಿರಿ. ಬಿಲ್ಲು ಸಿದ್ಧವಾದ ಮೇಲೆ ಗೋಡೆಗೆ ಒರಗಿಸಿಡಬಾರದು. ಹೆದೆಯನ್ನು ಇಳಿಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿರಿ. ಮಳೆಗಾಲ ಬಂದಾಗ ನೂಲಿನಿಂದ ಇನ್ನೊಂದು ಸಾರಿ ನೋಡಿಕೊಳ್ಳಿರಿ.